ಐಸ್ ತೊಟ್ಟಿಯಲ್ಲಿ ಕೂರಬೇಕೆ? ಓಟಗಾರರು, ಆಟಗಾರರು ಕೇಳಿದ ಪ್ರಶ್ನೆಗಳು

ಹಾಫ್ ಮ್ಯಾರಥಾನ್ ಓಡಿದ ನಾಲ್ಕೈದು ದಿನಕ್ಕೆ ಪ್ರತಿ ಸಲವೂ ಗಂಟಲು ಕೆರೆತ, ನೆಗಡಿ ಶುರುವಾಗುತ್ತದೆ. ಹೆಚ್ಚು ಓಡಿದರೆ ರೋಗನಿರೋಧಕ ಶಕ್ತಿ ಕುಸಿಯುತ್ತದೆ, ಓಟ ಮುಗಿದ ಕೂಡಲೇ ಐಸ್ ನೀರಿನಲ್ಲಿ ಕೂತರೆ ಹಾಗಾಗುವುದಿಲ್ಲ ಎಂದು ಗೆಳೆಯರು ಹೇಳುತ್ತಾರೆ. ನಿಜವೇ?
— ಓದುಗರು, ಮೈಸೂರು

ಇಲ್ಲ. ಐಸ್ ನೀರು ನೋವನ್ನು ಕಡಿಮೆ ಮಾಡುತ್ತದೆ, ನೆಗಡಿಯನ್ನು ತಡೆಯುವುದಿಲ್ಲ. ಯಾಕೆಂದು ಸ್ವಲ್ಪ ವಿವರವಾಗಿ ನೋಡೋಣ, ಮುಂದಿನ ಉತ್ತರಗಳಿಗೂ ಇದೇ ಆಧಾರ.

ಓಡುವಾಗ ರಕ್ತದ ವೇಗ ಹೆಚ್ಚುತ್ತದೆ, ಅಡ್ರಿನಲಿನ್ ಏರುತ್ತದೆ. ರಕ್ತನಾಳದ ಗೋಡೆಗೆ ಅಂಟಿಕೊಂಡಿದ್ದ ಬಿಳಿ ರಕ್ತಕಣಗಳು ಆಗ ಕಳಚಿಕೊಂಡು ರಕ್ತದ ಹರಿವಿಗೆ ಸೇರುತ್ತವೆ. ಓಟ ನಿಂತ ಮೇಲೂ ಅವುಗಳಲ್ಲಿ ಒಂದು ಬಗೆಯಾದ ನ್ಯೂಟ್ರೋಫಿಲ್‌ಗಳು ಕೆಲವು ಗಂಟೆ ಏರುತ್ತಲೇ ಇರುತ್ತವೆ. ಇನ್ನೊಂದು ಬಗೆಯಾದ ಲಿಂಫೋಸೈಟ್‌ಗಳು ಮಾತ್ರ ಒಂದೆರಡು ಗಂಟೆಯಲ್ಲಿ ಮಾಮೂಲಿ ಮಟ್ಟಕ್ಕಿಂತ ಕೆಳಗಿಳಿದು, ಸುಮಾರು 24 ಗಂಟೆಯೊಳಗೆ ಮೊದಲಿನಂತಾಗುತ್ತವೆ. ರಕ್ತದಲ್ಲಿ ಕಾಣುವ ಈ ಇಳಿತವನ್ನೇ ಹಿಂದೆ 'ಸೋಂಕಿಗೆ ತೆರೆದ ಕಿಟಕಿ' ಎಂದು ಕರೆಯುತ್ತಿದ್ದರು. ಅದಕ್ಕೆ ಪುಷ್ಟಿ ಕೊಟ್ಟದ್ದು ಎರಡು ಸಮೀಕ್ಷೆಗಳು. 1982ರಲ್ಲಿ ಕೇಪ್‌ಟೌನ್‌ನಲ್ಲಿ ನಡೆದ 56 ಕಿ.ಮೀ. ಓಟದ ನಂತರ ಓಡಿದವರಲ್ಲಿ ಶೇ. 33 ಮಂದಿ ಗಂಟಲು–ಮೂಗಿನ ತೊಂದರೆ ಹೇಳಿಕೊಂಡರು. ಓಡದವರಲ್ಲಿ ಈ ಪ್ರಮಾಣ ಶೇ. 15. 1987ರ ಲಾಸ್ ಏಂಜಲೀಸ್ ಮ್ಯಾರಥಾನ್ ನಂತರದ ವಾರದಲ್ಲಿ ಈ ಅಂಕಿಗಳು ಶೇ. 12.9 ಮತ್ತು ಶೇ. 2.2 ಇದ್ದವು.

ಆದರೆ ಇವೆಲ್ಲ ಓಟಗಾರರು ತಾವೇ ಹೇಳಿಕೊಂಡ ಲಕ್ಷಣಗಳು. ವೈರಸ್ ಇತ್ತೋ ಇಲ್ಲವೋ ಎಂದು ಲ್ಯಾಬಿನಲ್ಲಿ ನೋಡಿರಲಿಲ್ಲ. ಎರಡು ತಾಸು ಬಾಯಿ ತೆರೆದು ಒಣಗಾಳಿ, ದೂಳು ಎಳೆದುಕೊಂಡರೆ ಸೋಂಕಿಲ್ಲದೆಯೂ ಗಂಟಲು ಕೆರೆಯುತ್ತದೆ. ಇನ್ನು ಲಿಂಫೋಸೈಟ್‌ಗಳ ವಿಷಯ: ಅವು ಸಾಯುವುದಿಲ್ಲ, ಜಾಗ ಬದಲಿಸುತ್ತವೆ. ಪ್ರಾಣಿಗಳಲ್ಲಿ ಅವುಗಳ ಜಾಡು ಹಿಡಿದು ನೋಡಿದಾಗ ಶ್ವಾಸಕೋಶ, ಕರುಳು, ಮೂಳೆಮಜ್ಜೆಗಳಲ್ಲಿ ಸಿಕ್ಕಿವೆ. ಅಂದರೆ ಅವು ಕಾವಲಿಗೆ ಹೋಗಿರುತ್ತವೆ ಎಂಬುದು ಈಗ ಬಲವಾಗಿರುವ ವಾದ, ನಮಗೂ ಅದೇ ಸರಿ ಎನಿಸುತ್ತದೆ.

ಸ್ನಾಯುವಿನೊಳಗಿನ ಕಥೆ ಬೇರೆ. ದುಡಿಯುವ ಸ್ನಾಯು ಇಂಟರ್‌ಲ್ಯೂಕಿನ್-6 ಎಂಬ ಸಂದೇಶವಾಹಕವನ್ನು ತಾನೇ ಬಿಡುಗಡೆ ಮಾಡುತ್ತದೆ. ಮ್ಯಾರಥಾನ್ ಕೊನೆಯಲ್ಲಿ ರಕ್ತದಲ್ಲಿ ಇದು ನೂರು ಪಟ್ಟಿನವರೆಗೂ ಏರಬಹುದು. ಅದರ ಬೆನ್ನಿಗೇ ಉರಿಯೂತವನ್ನು ತಗ್ಗಿಸುವ ಇಂಟರ್‌ಲ್ಯೂಕಿನ್-10ರಂಥವು ಏರುತ್ತವೆ. ಹಾನಿಯಾದ ಎಳೆಗಳನ್ನು ತೆರವು ಮಾಡಲು ಮೊದಲು ನ್ಯೂಟ್ರೋಫಿಲ್, ಆಮೇಲೆ ಮ್ಯಾಕ್ರೋಫೇಜ್ ಕಣಗಳು ಬರುತ್ತವೆ. ಇದು ರೋಗವಲ್ಲ, ರಿಪೇರಿ. ಐಸ್ ನೀರು ಈ ಉರಿಯೂತವನ್ನು ಆರಿಸುತ್ತದೆ ಎಂದು ಬಹಳ ಕಾಲ ಎಲ್ಲರೂ ನಂಬಿದ್ದರು. 2017ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 9 ಮಂದಿ ಗಂಡಸರಿಗೆ ಕಾಲಿನ ತೂಕದ ವ್ಯಾಯಾಮ ಮಾಡಿಸಿ, ಒಮ್ಮೆ 10 ಡಿಗ್ರಿ ನೀರಿನಲ್ಲಿ 10 ನಿಮಿಷ ಕೂರಿಸಿದರು, ಇನ್ನೊಮ್ಮೆ ಅಷ್ಟೇ ಹೊತ್ತು ಹಗುರವಾಗಿ ಸೈಕಲ್ ತುಳಿಸಿದರು. 2, 24, 48 ಗಂಟೆಗೆ ತೊಡೆಯಿಂದ ಸ್ನಾಯುವಿನ ಚೂರು ತೆಗೆದು ನೋಡಿದರೆ ಉರಿಯೂತದ ಕಣಗಳಲ್ಲಾಗಲಿ ಸಂದೇಶವಾಹಕಗಳಲ್ಲಾಗಲಿ ಎರಡು ಸಲಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಚಿಕ್ಕ ಅಧ್ಯಯನ, ಆದರೆ ರಕ್ತವನ್ನಷ್ಟೇ ನೋಡದೆ ಸ್ನಾಯುವನ್ನೇ ನೋಡಿದ್ದರಿಂದ ಅದಕ್ಕೆ ತೂಕವಿದೆ.

ಹಾಗಾದರೆ ನೆಗಡಿಗೆ ಏನು ಮಾಡಬೇಕು? ಓಟದ ಹಿಂದಿನ ರಾತ್ರಿ ಬಸ್ಸಿನಲ್ಲಿ ಕೂತು ನಿದ್ದೆಗೆಟ್ಟು ಬರುವುದನ್ನು ಬಿಡಿ. 164 ಜನರ ಮೂಗಿಗೆ ನೆಗಡಿ ವೈರಸ್ಸಿನ ಹನಿ ಹಾಕಿದ 2015ರ ಅಧ್ಯಯನದಲ್ಲಿ, 6 ಗಂಟೆಗಿಂತ ಕಡಿಮೆ ಮಲಗುತ್ತಿದ್ದವರಿಗೆ 7 ಗಂಟೆಗಿಂತ ಹೆಚ್ಚು ಮಲಗುವವರಿಗಿಂತ ನಾಲ್ಕು ಪಟ್ಟು ಹೆಚ್ಚಾಗಿ ನೆಗಡಿ ಹಿಡಿಯಿತು. 90 ನಿಮಿಷ ಮೀರುವ ಓಟದಲ್ಲಿ ಗಂಟೆಗೆ 30ರಿಂದ 60 ಗ್ರಾಂ ಸಕ್ಕರೆ–ಪಿಷ್ಟ ಹೊಟ್ಟೆಗೆ ಹೋಗಲಿ, ಇದರಿಂದ ಒತ್ತಡದ ಹಾರ್ಮೋನಾದ ಕಾರ್ಟಿಸಾಲ್ ಏರಿಕೆ ಹಿಡಿತದಲ್ಲಿರುತ್ತದೆ. ನೀರಿನ ಬಾಟಲಿ ಹಂಚಿಕೊಳ್ಳಬೇಡಿ. ಜ್ವರವಿದ್ದರೆ ಓಟವೂ ಬೇಡ, ಐಸ್ ನೀರೂ ಬೇಡ.

ನಮ್ಮ ಕಬಡ್ಡಿ ತಂಡಕ್ಕೆ ಟೂರ್ನಿಯಲ್ಲಿ ಬೆಳಿಗ್ಗೆ ಒಂದು, ಸಂಜೆ ಒಂದು ಪಂದ್ಯ. 200 ಲೀಟರಿನ ಪ್ಲಾಸ್ಟಿಕ್ ಡ್ರಮ್ಮುಗಳಿವೆ. ಎಷ್ಟು ಐಸ್ ಬೇಕು, ಎಷ್ಟು ಹೊತ್ತು ಕೂರಿಸಬೇಕು?
— ತರಬೇತುದಾರರು, ಮಂಡ್ಯ

ನಿಮ್ಮಂಥ ಸಂದರ್ಭಕ್ಕೇ ಐಸ್ ತೊಟ್ಟಿ ನಿಜಕ್ಕೂ ತಕ್ಕದ್ದು: ಸ್ನಾಯು ಬೆಳೆಸುವುದು ಗುರಿಯಲ್ಲ, ಮುಂದಿನ ಪಂದ್ಯಕ್ಕೆ ನೋವು ಕಡಿಮೆಯಿರಬೇಕು. ನೀರು 11ರಿಂದ 15 ಡಿಗ್ರಿ, ಸಮಯ 10ರಿಂದ 15 ನಿಮಿಷ. 5 ಡಿಗ್ರಿಗೆ ಇಳಿಸಿದರೆ ಲಾಭ ಹೆಚ್ಚುವುದಿಲ್ಲ, ಅಪಾಯ ಹೆಚ್ಚುತ್ತದೆ.

ಡ್ರಮ್ ತುಂಬ ನೀರು ಹಾಕಬೇಡಿ. ಆಳು ಇಳಿದರೆ ಮೂವತ್ತು–ನಲವತ್ತು ಲೀಟರ್ ಚೆಲ್ಲುತ್ತದೆ, ಅದರ ಜೊತೆ ಐಸ್ ಖರ್ಚೂ ಚೆಲ್ಲಿಹೋಗುತ್ತದೆ. 120 ಲೀಟರ್ ಸಾಕು. 26 ಡಿಗ್ರಿಯ 120 ಲೀಟರ್ ನೀರನ್ನು 12 ಡಿಗ್ರಿಗೆ ಇಳಿಸಲು ಲೆಕ್ಕದ ಪ್ರಕಾರ 18 ಕೆ.ಜಿ. ಐಸ್ ಬೇಕು, 15 ಡಿಗ್ರಿ ಸಾಕೆಂದರೆ 14 ಕೆ.ಜಿ. ಚಳಿಗಾಲದಲ್ಲಿ ಸಂಪಿನ ನೀರು 21 ಡಿಗ್ರಿ ಇದ್ದರೆ 12ಕ್ಕೆ ಇಳಿಸಲು 12 ಕೆ.ಜಿ. ಬಿಸಿಲು, ಡ್ರಮ್ಮಿನ ಗೋಡೆ, ಒಬ್ಬರಾದ ಮೇಲೆ ಒಬ್ಬರು ಇಳಿಯುವ ಬಿಸಿ ಮೈ ಇವೆಲ್ಲಕ್ಕೆ ಇನ್ನೊಂದು ಐದಾರು ಕೆ.ಜಿ. ಪಕ್ಕಕ್ಕಿಟ್ಟುಕೊಳ್ಳಿ. ಐಸ್ ಫ್ಯಾಕ್ಟರಿಯ ಗಡ್ಡೆಯನ್ನು ಹಾಗೇ ಹಾಕಿದರೆ ಗಂಟೆಗಟ್ಟಲೆ ಕರಗದೆ ಮೇಲಷ್ಟೇ ತೇಲುತ್ತದೆ. ಗೋಣಿಚೀಲದಲ್ಲಿ ಸುತ್ತಿ ಒಡೆದು ಹಾಕಿ, ಕೋಲಿನಿಂದ ಕಲಕಿ, ಥರ್ಮಾಮೀಟರನ್ನು ನೀರಿನ ಮಧ್ಯಕ್ಕೆ ಇಳಿಸಿ ನೋಡಿ. ಬೇಗ ತಣ್ಣಗಾಗಲಿ ಎಂದು ಉಪ್ಪು ಹಾಕುವವರಿದ್ದಾರೆ, ಅದು ಖಂಡಿತ ಬೇಡ. ಉಪ್ಪು ಬೆರೆತ ಐಸ್ ಸೊನ್ನೆಗಿಂತ ಕೆಳಗಿಳಿದು ಚರ್ಮವನ್ನು ಸುಡುತ್ತದೆ. ಆ ಫ್ಯಾಕ್ಟರಿ ಐಸ್ ಕುಡಿಯುವ ನೀರಿನದ್ದಲ್ಲ, ಆದ್ದರಿಂದ ಹುಡುಗರು ಅದನ್ನು ಬಾಯಿಗೆ ಹಾಕಿಕೊಳ್ಳದಂತೆ ನೋಡಿಕೊಳ್ಳಿ.

ಇಳಿಯುವ ಕ್ರಮ ಮುಖ್ಯ. ದಿಢೀರನೆ ಧುಮುಕಿದರೆ ಎದೆ ಹಿಡಿದಂತಾಗಿ ಉಸಿರು ಎಳೆದುಕೊಳ್ಳುತ್ತದೆ. ಈ ಆಘಾತ ಮೊದಲ ಅರ್ಧ ನಿಮಿಷದಲ್ಲಿ ಜೋರಾಗಿದ್ದು ಎರಡು ಮೂರು ನಿಮಿಷದಲ್ಲಿ ತಗ್ಗುತ್ತದೆ. ನಿಧಾನಕ್ಕೆ ಸೊಂಟದವರೆಗೆ ಇಳಿಸಿ, ಉದ್ದವಾಗಿ ಉಸಿರು ಬಿಡಲು ಹೇಳಿ. ತಲೆ ಮುಳುಗಿಸುವುದು, ಉಸಿರು ಕಟ್ಟುವ ಪಂದ್ಯ ಇವೆರಡೂ ಬೇಡ. ಯಾರೂ ಒಂಟಿಯಾಗಿ ಇಳಿಯಬಾರದು. ಮೈ ಬಿಸಿಗೆ ಚರ್ಮದ ಸುತ್ತ ಬೆಚ್ಚನೆಯ ತೆಳು ಪದರ ನಿಲ್ಲುತ್ತದೆ. ನೀರು ಕಲಕಿದರೆ ಅದು ಹೋಗಿ ಚಳಿ ಹೆಚ್ಚುತ್ತದೆ, ಆದ್ದರಿಂದ ಹೊಸಬರು ಕೂತಾಗ ಕಲಕಬೇಡಿ. ಬೆರಳು ಬಿಳಿಚಿದರೆ, ಮಾತು ತೊದಲಿದರೆ, ನಡುಕ ತಡೆಯಲಾಗದಿದ್ದರೆ ಗಡಿಯಾರ ನೋಡದೆ ಮೇಲೆತ್ತಿ.

ಮೇಲೆ ಬರುವಾಗಲೇ ಹೆಚ್ಚು ಜನ ಬೀಳುವುದು. ನೀರಿನ ಆಳ ಪ್ರತಿ 10 ಸೆಂ.ಮೀ.ಗೆ ಸುಮಾರು 7 ಮಿ.ಮೀ. ಪಾದರಸದಷ್ಟು ಒತ್ತಡ ಕೊಡುತ್ತದೆ. 80 ಸೆಂ.ಮೀ. ನೀರಿನಲ್ಲಿ ಪಾದದ ಮೇಲೆ 60 ಮಿ.ಮೀ.ಗೆ ಹತ್ತಿರ. ಕಾಲಿನಲ್ಲಿ ನಿಂತ ದ್ರವವನ್ನು ಮೇಲಕ್ಕೆ ತಳ್ಳುವುದು ಈ ಒತ್ತಡವೇ, ಹಾಗಾಗಿ ಐಸ್ ಸಿಗದ ದಿನ ಬರೀ ಬಾವಿ ನೀರಿನಲ್ಲಿ ನಿಂತರೂ ಸ್ವಲ್ಪ ಹಗುರವೆನಿಸುತ್ತದೆ. ಹೊರಬಂದ ಕ್ಷಣ ಆ ಒತ್ತಡ ಇಲ್ಲವಾಗಿ ರಕ್ತವೆಲ್ಲ ಕಾಲಿಗಿಳಿದು ತಲೆ ಸುತ್ತುತ್ತದೆ. ಎತ್ತರದ ಇಕ್ಕಟ್ಟಾದ ಡ್ರಮ್ಮಿನಿಂದ ಹಾಗೆ ಬಿದ್ದರೆ ಹಲ್ಲು, ಮೂಳೆ ಮುರಿಯುತ್ತವೆ. ಒಳಗೂ ಹೊರಗೂ ಗಟ್ಟಿ ಮೆಟ್ಟಿಲಿಡಿ, ಇಬ್ಬರು ಕೈ ಕೊಡಲಿ. ಸಾಧ್ಯವಾದರೆ ಅಗಲವಾದ ತೊಟ್ಟಿಯನ್ನೇ ಹೊಂದಿಸಿಕೊಳ್ಳಿ. ಮೈ ಒರೆಸಿ ಒಣಬಟ್ಟೆ ಹಾಕಿಸಿ, ಹೊರಬಂದ ಮೇಲೂ ಕೆಲ ನಿಮಿಷ ಮೈಯೊಳಗಿನ ತಾಪ ಇಳಿಯುತ್ತಲೇ ಇರುತ್ತದೆ.

ತಣ್ಣಗಾದ ಸ್ನಾಯು ಮಂದವಾಗಿರುತ್ತದೆ, ಜಿಗಿತ–ಓಟದ ಬಿರುಸು ತಗ್ಗುತ್ತದೆ. ಎರಡು ಪಂದ್ಯಗಳ ನಡುವೆ ಕನಿಷ್ಠ ಎರಡು ಮೂರು ಗಂಟೆ ಇದ್ದರೆ ಮಾತ್ರ ಕೂರಿಸಿ, ಸಂಜೆ ಪಂದ್ಯಕ್ಕೆ ಮುನ್ನ ಪೂರ್ತಿ ವಾರ್ಮಪ್ ಮಾಡಿಸಿ. ಮೊಣಕಾಲು ಉಳುಕಿದವನ ನೋವನ್ನು ಐಸಿನಲ್ಲಿ ಮರಗಟ್ಟಿಸಿ ಅಂಕಣಕ್ಕೆ ಇಳಿಸುವ ಅಭ್ಯಾಸ ಕೆಲವು ತಂಡಗಳಲ್ಲಿದೆ. ಆ ಹುಡುಗನ ಲಿಗಮೆಂಟ್ ಹರಿದರೆ ಆಟದ ಬದುಕೇ ನಿಲ್ಲುತ್ತದೆ, ದಯವಿಟ್ಟು ಹಾಗೆ ಮಾಡಬೇಡಿ.

ಎಲ್ಲರೂ ಮೊದಲು ಮೈ ತೊಳೆದೇ ಇಳಿಯಲಿ. ತೆರೆದ ತರಚು ಗಾಯ, ಹುಳುಕಡ್ಡಿ ಇದ್ದವರು ಹಂಚಿಕೊಂಡ ನೀರಿಗೆ ಬೇಡ. 120 ಲೀಟರಿಗೆ ಸುಮಾರು 1 ಗ್ರಾಂ ಬ್ಲೀಚಿಂಗ್ ಪುಡಿಯನ್ನು ಮಗ್ಗಿನಲ್ಲಿ ಕದಡಿ, ತಿಳಿಯನ್ನು ಮಾತ್ರ ಸುರಿಯಿರಿ. ಬೆವರು ಆ ಕ್ಲೋರಿನ್ನನ್ನು ಬೇಗ ತಿಂದುಹಾಕುತ್ತದೆ, ಆದ್ದರಿಂದ ನೀರನ್ನು ದಿನಕ್ಕೊಮ್ಮೆಯಾದರೂ ಪೂರ್ತಿ ಚೆಲ್ಲಿ ಡ್ರಮ್ ಉಜ್ಜಿ. ಹೃದಯದ ತೊಂದರೆ, ಹಿಡಿತಕ್ಕೆ ಬಾರದ ಬಿ.ಪಿ., ಮೂರ್ಛೆರೋಗ, ತಣ್ಣೀರಿಗೆ ಬೆರಳು ಬಿಳಿಚುವ ಅಥವಾ ಪಿತ್ತಗಂಧೆ ಏಳುವ ತೊಂದರೆ ಇರುವವರನ್ನು ಇಳಿಸಬೇಡಿ.

ವಾರಕ್ಕೆ ನಾಲ್ಕು ದಿನ ಜಿಮ್. ಪ್ರತಿ ದಿನ ಮುಗಿಸಿದ ಕೂಡಲೇ ಐಸ್ ಟಬ್ಬಿಗೆ ಇಳಿಯುತ್ತೇನೆ. ನೋವೇನೋ ಇಲ್ಲ, ಆದರೆ ತೊಡೆ ಬೆಳೆಯುತ್ತಿಲ್ಲ.
— ಓದುಗರು, ಹುಬ್ಬಳ್ಳಿ

ಎರಡಕ್ಕೂ ಸಂಬಂಧವಿರಬಹುದು. 2015ರಲ್ಲಿ ಪ್ರಕಟವಾದ 12 ವಾರಗಳ ಪ್ರಯೋಗದಲ್ಲಿ, ವಾರಕ್ಕೆರಡು ಸಲ ತೂಕ ಎತ್ತಿ ಪ್ರತಿ ಸಲವೂ 10 ಡಿಗ್ರಿ ನೀರಿನಲ್ಲಿ 10 ನಿಮಿಷ ಕೂತವರಿಗೆ, ಹಗುರ ಸೈಕಲ್ ತುಳಿದವರಿಗಿಂತ ಸ್ನಾಯುವಿನ ಗಾತ್ರವೂ ಬಲವೂ ಕಡಿಮೆ ಬೆಳೆದವು. ಹೊಸ ಪ್ರೋಟೀನ್ ಕಟ್ಟಲು ಸ್ನಾಯುವಿನೊಳಗೆ ಹೊರಡುವ ಸಂಕೇತಗಳು, ಎಳೆಗಳನ್ನು ಸರಿಪಡಿಸುವ ಸ್ಯಾಟಲೈಟ್ ಕೋಶಗಳ ಚಟುವಟಿಕೆ ಎರಡೂ ತಣ್ಣಗಾದ ಸ್ನಾಯುವಿನಲ್ಲಿ ಮಂಕಾಗಿದ್ದವು. ತೂಕ ಎತ್ತಿದ ದಿನ ಐಸ್ ಬಿಡಿ. ಇಳಿಯಲೇಬೇಕೆನಿಸಿದರೆ ರಜೆಯ ದಿನ ಇಳಿಯಿರಿ. ಹತ್ತು ನಿಮಿಷ ಹಗುರ ಸೈಕಲ್, ಊಟದಲ್ಲಿ ಸಾಕಷ್ಟು ಪ್ರೋಟೀನ್ ನಿಮ್ಮ ಗುರಿಗೆ ಹೆಚ್ಚು ಹೊಂದುತ್ತವೆ.

ಭಾನುವಾರ 21 ಕಿ.ಮೀ. ಓಡಿ ಸೋಮವಾರ ಬೆಳಿಗ್ಗೆ ರಕ್ತ ಪರೀಕ್ಷೆ ಮಾಡಿಸಿದೆ. ಬಿಳಿ ರಕ್ತಕಣ ಹೆಚ್ಚು, ಎಸ್‌ಜಿಒಟಿ ಹೆಚ್ಚು, ಸಿಕೆ ತುಂಬಾ ಹೆಚ್ಚು ಬಂದಿದೆ. ಗಾಬರಿಯಾಗಿದೆ.
— ಓದುಗರು, ಬೆಂಗಳೂರು

ಓಟವೊಂದರಿಂದಲೇ ಈ ಮೂರೂ ಏರಬಹುದು. ಎಸ್‌ಜಿಒಟಿ ಎಂಬ ಕಿಣ್ವ ಯಕೃತ್ತಿನಲ್ಲಷ್ಟೇ ಅಲ್ಲ, ಸ್ನಾಯುವಿನಲ್ಲೂ ಇದೆ. ಸ್ನಾಯುವಿನಿಂದ ರಕ್ತಕ್ಕೆ ಸೋರುವ ಸಿಕೆ ಎಂಬ ಕಿಣ್ವ ಒಂದರಿಂದ ಮೂರು ದಿನದೊಳಗೆ ತುದಿ ಮುಟ್ಟುತ್ತದೆ, ಇಳಿಜಾರಿನ ಓಟವಾಗಿದ್ದರೆ ಇನ್ನೂ ತಡವಾಗಬಹುದು. ಓಡಿದ ವಿಷಯ ವೈದ್ಯರಿಗೆ ಹೇಳಿ, ಒಂದು ವಾರ ಕಠಿಣ ವ್ಯಾಯಾಮ ಬಿಟ್ಟು ಮತ್ತೆ ಮಾಡಿಸಿ. ಆದರೆ ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿದ್ದರೆ, ತೊಡೆ ಊದಿ ಗಟ್ಟಿಯಾಗಿದ್ದರೆ ಕಾಯಬೇಡಿ, ಅದೇ ದಿನ ಆಸ್ಪತ್ರೆಗೆ ಹೋಗಿ. ಸ್ನಾಯು ಒಡೆದು ಮೂತ್ರಪಿಂಡಕ್ಕೆ ಪೆಟ್ಟಾಗುವ ಲಕ್ಷಣ ಅದು. ಅಂಥ ಹೊತ್ತಿನಲ್ಲಿ ಐಬುಪ್ರೊಫೆನ್‌ನಂಥ ನೋವಿನ ಮಾತ್ರೆ ಮೂತ್ರಪಿಂಡಕ್ಕೆ ಇನ್ನಷ್ಟು ಕೇಡು.

ದಿನಾ ಬೆಳಿಗ್ಗೆ ತಣ್ಣೀರು ಸ್ನಾನ ಮಾಡಿದರೆ ಕಾಯಿಲೆ ಬರುವುದಿಲ್ಲವೇ?
— ಓದುಗರು, ಶಿವಮೊಗ್ಗ

ನೆದರ್‌ಲ್ಯಾಂಡ್ಸ್‌ನಲ್ಲಿ 3018 ಜನರ ಮೇಲೆ ನಡೆದ, 2016ರಲ್ಲಿ ಪ್ರಕಟವಾದ ಪ್ರಯೋಗವಿದೆ. ಬಿಸಿನೀರು ಸ್ನಾನದ ಕೊನೆಗೆ 30, 60 ಅಥವಾ 90 ಸೆಕೆಂಡ್ ತಣ್ಣೀರು, 30 ದಿನ. ಕಾಯಿಲೆ ರಜೆ ಹಾಕುವುದು ಶೇ. 29ರಷ್ಟು ತಗ್ಗಿತು, ಕಾಯಿಲೆಯ ದಿನಗಳು ಮಾತ್ರ ಹೆಚ್ಚುಕಡಿಮೆ ಅಷ್ಟೇ ಇದ್ದವು. 30 ಸೆಕೆಂಡಿಗೂ 90ಕ್ಕೂ ವ್ಯತ್ಯಾಸವಿರಲಿಲ್ಲ. ಉಲ್ಲಾಸಕ್ಕೆ ಮಾಡಿ, ಲಸಿಕೆಯ ಬದಲಿಗೆ ಬೇಡ.

ಮಳೆಗಾಲದಲ್ಲಿ ಅಭ್ಯಾಸ ಮುಗಿಸಿ ನಮ್ಮೂರ ಹೊಳೆಯಲ್ಲೇ ಅರ್ಧ ಗಂಟೆ ಕೂರುತ್ತೇವೆ. ಐಸಿನ ಖರ್ಚೂ ಇಲ್ಲ. ಸರಿಯೇ?
— ಓದುಗರು, ಉಡುಪಿ ಜಿಲ್ಲೆ

ಮಳೆಗಾಲದಲ್ಲಿ ಬೇಡ. ಕರಾವಳಿಯಲ್ಲಿ ಆಗ ಇಲಿಜ್ವರ ಹೆಚ್ಚು. ಇಲಿ, ದನಗಳ ಮೂತ್ರ ಸೇರಿದ ನೀರಿನಿಂದ ರೋಗಾಣು ತರಚಿದ ಚರ್ಮ, ಕಣ್ಣು, ಬಾಯಿಯ ಮೂಲಕ ಒಳಸೇರುತ್ತದೆ, ಆಡಿ ಬಂದವರ ಮೈಯಲ್ಲಿ ತರಚು ಇದ್ದೇ ಇರುತ್ತದೆ. ಗುಂಪಾಗಿ ಕ್ರೀಡಾಪಟುಗಳಿಗೇ ಹರಡಿದ್ದೂ ಉಂಟು: 1998ರಲ್ಲಿ ಅಮೆರಿಕದ ಇಲಿನಾಯ್ಸ್‌ನ ಟ್ರಯಥ್ಲಾನ್‌ನಲ್ಲಿ, 2000ದಲ್ಲಿ ಬೋರ್ನಿಯೋದ ಸಾಹಸ ಸ್ಪರ್ಧೆಯಲ್ಲಿ. ಸಾಮಾನ್ಯವಾಗಿ 5ರಿಂದ 14 ದಿನಕ್ಕೆ ಜ್ವರ, ಕೆಂಗಣ್ಣು, ಮೀನಖಂಡದ ತೀವ್ರ ನೋವು ಬರುತ್ತವೆ. ಆ ಮೀನಖಂಡದ ನೋವನ್ನು ಅಭ್ಯಾಸದ ನೋವೆಂದು ತಳ್ಳಿಹಾಕಿ ತಡಮಾಡುವುದೇ ದೊಡ್ಡ ಅಪಾಯ. ಜ್ವರದ ಜೊತೆ ಬಂದರೆ ಹೊಳೆಗಿಳಿದದ್ದನ್ನು ವೈದ್ಯರಿಗೆ ಮೊದಲೇ ಹೇಳಿ.

ಪೊಲೀಸ್ ನೇಮಕಾತಿ ಓಟಕ್ಕೆ ಬೇಸಿಗೆಯಲ್ಲಿ ಹುಡುಗರನ್ನು ತಯಾರು ಮಾಡುತ್ತೇನೆ. ಯಾರಾದರೂ ಬಿಸಿಲಿಗೆ ಕುಸಿದರೆ ಐಸ್ ನೀರಿಗೆ ಹಾಕಬಹುದೇ? ಆಘಾತವಾಗುತ್ತದೆ ಎಂದು ಹೆದರಿಸುತ್ತಾರೆ.
— ಓದುಗರು, ಕಲಬುರಗಿ

ಹಾಕಲೇಬೇಕು. ಓಡುತ್ತಿದ್ದವನು ತೂರಾಡಿ, ಏನೇನೋ ಬಡಬಡಿಸಿ ಕುಸಿದು, ಗುದದ್ವಾರದ ತಾಪ 40 ಡಿಗ್ರಿ ಮೀರಿದ್ದರೆ ಅದು ಶಾಖಾಘಾತ. ಬಾಯಿ, ಕಂಕುಳು, ಹಣೆಯ ಅಳತೆ ಇಲ್ಲಿ ಮೋಸ ಮಾಡುತ್ತದೆ. ಬೆವರುತ್ತಿದ್ದರೂ ಶಾಖಾಘಾತ ಇರಬಹುದು. ಉಸಿರು, ನಾಡಿ ಇದ್ದರೆ ಮೊದಲು ತಣಿಸಿ, ಸಾಗಿಸುವುದು ಆಮೇಲೆ. 108ಕ್ಕೆ ಒಬ್ಬರು ಕರೆ ಮಾಡುತ್ತಿರಲಿ. ಅಮೆರಿಕದ ಫಾಲ್ಮತ್ ರಸ್ತೆ ಓಟದಲ್ಲಿ ಹೀಗೆ ಸ್ಥಳದಲ್ಲೇ ಐಸ್ ನೀರಿಗೆ ಇಳಿಸಿದ 274 ಮಂದಿಯೂ ಬದುಕಿದರು.

ಅಗಲ ತೊಟ್ಟಿಯಲ್ಲಿ ಕುತ್ತಿಗೆವರೆಗೆ ಮುಳುಗಿಸಿ. ಕಂಕುಳ ಕೆಳಗೆ ಪಂಚೆ ಹಾಯಿಸಿ ಒಬ್ಬರು ಹಿಂದಿನಿಂದ ಹಿಡಿದಿರಲಿ, ತಲೆ ಜಾರಬಾರದು. ಇಲ್ಲಿ ನೀರನ್ನು ಬಿಡದೆ ಕಲಕಬೇಕು. ಮೈ ತಾಪ ಐದು ನಿಮಿಷಕ್ಕೆ ಸುಮಾರು 1 ಡಿಗ್ರಿ ಇಳಿಯುತ್ತದೆ. 38.9ಕ್ಕೆ ಬಂದಾಗ ಮೇಲೆತ್ತಿ, ಅಳೆಯಲು ಸಾಧನವಿಲ್ಲದಿದ್ದರೆ 10–15 ನಿಮಿಷಕ್ಕೆ. ತೊಟ್ಟಿ ಇಲ್ಲದಿದ್ದರೆ ಟಾರ್ಪಾಲಿನ ನಾಲ್ಕು ಅಂಚು ಎತ್ತಿ ಹಿಡಿದು ಅದರೊಳಗೆ ಮಲಗಿಸಿ ಐಸ್ ನೀರು ಸುರಿದು ಅತ್ತಿತ್ತ ಹೊಯ್ದಾಡಿಸಿ. ಪ್ರಜ್ಞೆ ಸರಿಯಿಲ್ಲದವನ ಬಾಯಿಗೆ ನೀರು ಹಾಕಬೇಡಿ. ಪ್ಯಾರಾಸಿಟಮಾಲ್ ಇಲ್ಲಿ ಕೆಲಸ ಮಾಡುವುದಿಲ್ಲ. ತಯಾರಿ ಓಟದ ದಿನ ಒಡೆದ ಐಸ್ 30 ಕೆ.ಜಿ., ನೀರು ತುಂಬಿದ ತೊಟ್ಟಿ, ಟಾರ್ಪಾಲು ಮೂರನ್ನೂ ಮುಕ್ತಾಯದ ಗೆರೆಯ ಹತ್ತಿರವೇ ನೆರಳಿನಲ್ಲಿ ಇಟ್ಟುಕೊಳ್ಳಿ.