ಇಂಗ್ಲೆಂಡಿನ ಹಳ್ಳಿಗಳ ಹಳೇ ಪಬ್‌ಗಳ ತೊಲೆ, ಗೋಡೆಗಳು ಯಾಕೆ ಅಷ್ಟೊಂದು ಸೊಟ್ಟಗಿರುತ್ತವೆ?

ಹೆಚ್ಚಿನವುಗಳಲ್ಲಿ ಕಾರಣ ಹಸಿ ಮರ. ಒಣಗಿದ ಓಕ್ ಕಲ್ಲಿನಂತೆ ಗಟ್ಟಿ, ಉಳಿ ಇಳಿಯುವುದೇ ಕಷ್ಟ. ಹಾಗಾಗಿ ಬಡಗಿಗಳು ಕಡಿದ ಮರವನ್ನು ಹಸಿಯಾಗಿದ್ದಾಗಲೇ ಕೆತ್ತಿ ಚೌಕಟ್ಟು ನಿಲ್ಲಿಸುತ್ತಿದ್ದರು. ಮರ ಒಣಗುತ್ತಿದ್ದದ್ದು ಕಟ್ಟಡದಲ್ಲೇ, ವರ್ಷಗಟ್ಟಲೆ. ಓಕ್ ಉದ್ದದಲ್ಲಿ ಕುಗ್ಗುವುದು ತೀರಾ ಕಡಿಮೆ. ಅಡ್ಡಕ್ಕೆ ಮಾತ್ರ ಸುಮಾರು 4ರಿಂದ 8%, ಅದೂ ಎಲ್ಲ ಕಡೆ ಒಂದೇ ಸಮನಾಗಿ ಅಲ್ಲ. ಅದಕ್ಕೇ ತೊಲೆ ತಿರುಚಿಕೊಳ್ಳುತ್ತದೆ, ಸೀಳುತ್ತದೆ.

ಆದರೂ ಬೀಳುವುದಿಲ್ಲ. ಜೋಡಣೆಯ ಎರಡೂ ತುಂಡುಗಳ ತೂತುಗಳನ್ನು ಬೇಕೆಂದೇ ಕೆಲವು ಮಿಲಿಮೀಟರ್ ಆಚೀಚೆ ಕೊರೆದು, ಓಕ್ ಗೂಟ ಬಡಿಯುತ್ತಾರೆ. ಗೂಟ ಬಾಗಿ ಎರಡನ್ನೂ ಎಳೆದು ಹಿಡಿಯುತ್ತದೆ, ಮರ ಕುಗ್ಗಿದರೂ ಬಿಗಿ ಸಡಿಲುವುದಿಲ್ಲ. ಎಂಥ ಜಾಣ ಕೆಲಸ!

ನಿಜವಾದ ಅಪಾಯ ಸಿಮೆಂಟ್. ತಡಿಕೆ-ಮಣ್ಣಿನ ಗೋಡೆಗೆ ಸುಣ್ಣದ ಗಾರೆ ಬಳಿದಿದ್ದರೆ ಒಳಹೊಕ್ಕ ನೀರು ಆರಿಹೋಗುತ್ತದೆ. ಸಿಮೆಂಟ್ ಬಳಿದರೆ ನೀರು ಒಳಗೇ ಸಿಕ್ಕಿಬಿದ್ದು, ಕಂಬಗಳ ಬುಡದ ಅಡಿತೊಲೆ ಮೊದಲು ಕೊಳೆಯುತ್ತದೆ.

ಎಲ್ಲ ಸೊಟ್ಟಕ್ಕೂ ಮರವೇ ಕಾರಣವಲ್ಲ. 2023ರಲ್ಲಿ ಬೆಂಕಿಗೆ ಸಿಕ್ಕು, ಬಳಿಕ ಕೆಡವಲಾದ ಸ್ಟಾಫರ್ಡ್‌ಶೈರ್‌ನ ‘ಕ್ರೂಕೆಡ್ ಹೌಸ್’ ಪಬ್ ಇಟ್ಟಿಗೆಯದು. ಕೆಳಗಿನ ಗಣಿಗಾರಿಕೆಯಿಂದ ನೆಲ ಕುಸಿದು ಅದು ವಾಲಿತ್ತು.