ಸಾವಿರ ಆರ್ಡರ್‌ನ ಗುರಿ, ವಾರಕ್ಕೆ ಎಂಟು ಗಂಟೆ

ಪ್ರಶ್ನೆ: ನನಗೆ 34 ವರ್ಷ, ಕಚೇರಿ ಕೆಲಸದಲ್ಲಿದ್ದೇನೆ. ಬಿಡುವಿನಲ್ಲಿ ಕೈಹೊಲಿಗೆಯ ನೋಟ್‌ಬುಕ್ ಮಾಡುತ್ತೇನೆ. ಎ5 ಅಳತೆ, 96 ಹಾಳೆ, ರಟ್ಟಿನ ಹೊದಿಕೆ. ಉಡುಗೊರೆ ಪಡೆದವರೆಲ್ಲ ‘ಇದನ್ನು ಮಾರಬಹುದಲ್ಲ’ ಅನ್ನುತ್ತಾರೆ. ಈ ವರ್ಷ ಆನ್‌ಲೈನ್‌ನಲ್ಲಿ ಶುರು ಮಾಡಲೇಬೇಕೆಂದು ಡೈರಿಯಲ್ಲಿ 14 ಗುರಿ ಬರೆದಿದ್ದೇನೆ. 1,000 ಆರ್ಡರ್, 10,000 ಫಾಲೋವರ್, ವರ್ಷದ ಕೊನೆಗೆ ಕೆಲಸ ಬಿಡುವುದು, ಬೆಳಿಗ್ಗೆ 5ಕ್ಕೆ ಏಳುವುದು, 50 ಪುಸ್ತಕ ಓದುವುದು, ತೂಕ ಇಳಿಸುವುದು, ಹೀಗೆ. ವಾರಕ್ಕೆ 8 ಗಂಟೆ ಹೊಂದಿಸಬಲ್ಲೆ. ಆರಾರು ಪುಸ್ತಕ ಒಟ್ಟಿಗೆ ಮಾಡಿದರೆ ಒಂದಕ್ಕೆ ಒಂದೂವರೆ ಗಂಟೆ ಹಿಡಿಯುತ್ತದೆ. ಕೆಲವು ಪುಸ್ತಕಗಳ ರಟ್ಟು ಒಣಗಿದ ಮೇಲೆ ಬಾಗುತ್ತದೆ. ಉಳಿತಾಯದಲ್ಲಿ ಕಾಗದ ಕತ್ತರಿಸುವ ಯಂತ್ರ ಕೊಳ್ಳುವ ಆಲೋಚನೆ ಇದೆ. ಕಳೆದ ವರ್ಷದ ಪಟ್ಟಿ ಫೆಬ್ರುವರಿಗೇ ನಿಂತುಹೋಯಿತು. ‘ಪ್ರತಿ ವರ್ಷವೂ ಇದೇ ಕಥೆ’ ಎಂದು ನನ್ನ ಗಂಡ ಆಡಿದ ಮಾತು ಮನಸ್ಸಿನಲ್ಲೇ ಉಳಿದಿದೆ. ನನಗೆ ಛಲವೇ ಇಲ್ಲವೇ? ಕೆಲಸ ಬಿಡುವ ಧೈರ್ಯ ಮಾಡಲೇ?
(ಹೆಸರು ಬೇಡ)

ಉತ್ತರ: ಛಲದ ಮಾತಿಗೆ ಮುಂಚೆ, ನೀವೇ ಕೊಟ್ಟಿರುವ ಅಂಕಿಗಳನ್ನು ಒಂದು ಹಾಳೆಯ ಮೇಲೆ ಬರೆದು ನೋಡೋಣ. 1,000 ಪುಸ್ತಕಕ್ಕೆ ಒಂದೂವರೆ ಗಂಟೆಯಂತೆ 1,500 ಗಂಟೆ ಬೇಕು. ಕಾಯಿಲೆ, ಪ್ರಯಾಣ, ಮನೆಯ ಕಾರ್ಯಗಳಿಗೆ ನಾಲ್ಕು ವಾರ ಬಿಟ್ಟರೆ ವರ್ಷಕ್ಕೆ 48 ವಾರ. ವಾರಕ್ಕೆ 8 ಗಂಟೆಯಂತೆ ನಿಮ್ಮ ಕೈಯಲ್ಲಿರುವುದು 384 ಗಂಟೆ. ಅಂದರೆ ಸಾವಿರ ಆರ್ಡರ್ ಪೂರೈಸಲು ಬರೀ ಬೈಂಡಿಂಗ್‌ಗೇ ವಾರಕ್ಕೆ 31 ಗಂಟೆ ಕೂರಬೇಕು. ಕಚೇರಿ ಕೆಲಸ ಮಾಡುತ್ತ ಅದು ಯಾರಿಂದಲೂ ಆಗದು. ಎಷ್ಟೇ ಛಲ ಇದ್ದರೂ ಆ ಗುರಿ ಫೆಬ್ರುವರಿ, ಮಾರ್ಚ್ ಹೊತ್ತಿಗೆ ಮುರಿದೇ ಬೀಳುತ್ತಿತ್ತು, ಮತ್ತೆ ನೀವು ನಿಮ್ಮನ್ನೇ ದೂಷಿಸಿಕೊಳ್ಳುತ್ತಿದ್ದಿರಿ.

ಇನ್ನೂ ಒಂದು ಲೆಕ್ಕ ಬಾಕಿ ಇದೆ. ಆನ್‌ಲೈನ್ ಮಾರಾಟದಲ್ಲಿ ಫೋಟೊ, ವಿವರಣೆ, ಗ್ರಾಹಕರ ಮೆಸೇಜ್, ಪ್ಯಾಕಿಂಗ್, ಜಮಾ-ಖರ್ಚು ಇಷ್ಟಕ್ಕೇ ಅರ್ಧ ಸಮಯ ಹೋಗುತ್ತದೆ ಎಂದಿಟ್ಟುಕೊಳ್ಳಿ. ಮೊದಲ ವರ್ಷ ಅದಕ್ಕಿಂತ ಕಡಿಮೆ ಹಿಡಿಯುವುದು ಕಷ್ಟ. ತಯಾರಿಕೆಗೆ ಉಳಿಯುವುದು ವಾರಕ್ಕೆ 4 ಗಂಟೆ, ವರ್ಷಕ್ಕೆ 192. ಅದರಲ್ಲಿ ಆಗುವುದು 128 ಪುಸ್ತಕ. ಹಾಳಾಗುವ ಏಳೆಂಟನ್ನು ಬಿಟ್ಟು 120 ಅನ್ನಿ. ಈ ವರ್ಷ ನಿಮ್ಮ ವ್ಯಾಪಾರದ ಗಾತ್ರ ಇಷ್ಟು.

ಹಾಗಾಗಿ ಕೆಲಸ ಬಿಡುವುದನ್ನು ಈ ವರ್ಷದ ಪಟ್ಟಿಯಿಂದ ತೆಗೆದುಹಾಕಿ. ಇದನ್ನು ಹೇಳಲು ನನಗೆ ಯಾವ ಅಳುಕೂ ಇಲ್ಲ. 120 ಪುಸ್ತಕದ ಲಾಭ ಸಂಬಳದ ಜಾಗ ತುಂಬುವುದಿಲ್ಲ. ಮುಂದೆಂದಾದರೂ ಬಿಡುವ ಯೋಚನೆ ಬಂದರೆ ಷರತ್ತನ್ನು ಈಗಲೇ, ಮನಸ್ಸು ತಣ್ಣಗಿರುವಾಗ, ಬರೆದಿಡಿ: ಎಲ್ಲ ಖರ್ಚು ಕಳೆದು ಸತತ ಆರು ತಿಂಗಳು ಸಂಬಳದ ಅರ್ಧದಷ್ಟಾದರೂ ಲಾಭ ಬಂದಿರಬೇಕು, ಮನೆ ನಡೆಸಲು ಆರು ತಿಂಗಳ ಹಣ ಬೇರೆಯಾಗಿ ಇರಬೇಕು. ಎರಡರಲ್ಲಿ ಒಂದಿಲ್ಲದಿದ್ದರೂ ಆ ಚರ್ಚೆಯೇ ಬೇಡ. ನಿಮ್ಮ ನೇಮಕಾತಿ ಪತ್ರದಲ್ಲಿ ಹೊರಗಿನ ಸಂಪಾದನೆಗೆ ನಿರ್ಬಂಧ ಇದೆಯೇ ಎಂಬುದನ್ನು ಮಾತ್ರ ಮೊದಲ ಮಾರಾಟಕ್ಕೆ ಮುಂಚೆಯೇ ಓದಿ ನೋಡಿ. ತೆರಿಗೆ, ನೋಂದಣಿಯ ನಿಯಮವನ್ನೂ ಹಾಗೇ ತಿಳಿದವರಲ್ಲಿ ಕೇಳಿಕೊಳ್ಳಿ.

ಹಾಗಾದರೆ ಈ ವರ್ಷಕ್ಕೆ ಯಾವ ಗುರಿ? ಗುರಿಗಳ ಬಗ್ಗೆ ದಶಕಗಳ ಕಾಲ ಕೆಲಸ ಮಾಡಿದ ಮನಶ್ಶಾಸ್ತ್ರಜ್ಞರು ಎಡ್ವಿನ್ ಲಾಕ್ ಮತ್ತು ಗ್ಯಾರಿ ಲೇಥಮ್. ಸ್ಪಷ್ಟವಾದ, ಸ್ವಲ್ಪ ಕಠಿಣವಾದ ಗುರಿ ಇದ್ದರೆ ಕೆಲಸ ಚೆನ್ನಾಗಿ ಆಗುತ್ತದೆ ಎಂಬುದು ಅವರ ಮುಖ್ಯ ಮಾತು. ಅದರ ಜೊತೆಗೆ ಅವರೇ ತೋರಿಸಿದ ಇನ್ನೊಂದು ಅಂಶ ನಿಮಗೆ ಹೆಚ್ಚು ಬೇಕಾದದ್ದು. ಕೆಲಸ ಹೊಸದಾಗಿದ್ದು ಜಟಿಲವಾಗಿದ್ದಾಗ ‘ಇಷ್ಟು ಫಲ ಬರಬೇಕು’ ಎಂಬ ಗುರಿಗಿಂತ ‘ಇದನ್ನು ಮಾಡುವ ಬಗೆ ಕಲಿಯಬೇಕು’ ಎಂಬ ಗುರಿ ಚೆನ್ನಾಗಿ ನಡೆಯುತ್ತದೆ. ಫಾಲೋವರ್ ಸಂಖ್ಯೆ, ಆರ್ಡರ್ ಸಂಖ್ಯೆ ನಿಮ್ಮ ಕೈಯಲ್ಲಿಲ್ಲ. ಎರಡು ವಾರಕ್ಕೆ ಒಂದು ಸಲ ಐದಾರು ಪುಸ್ತಕ ಮುಗಿಸುವುದು ನಿಮ್ಮ ಕೈಯಲ್ಲಿದೆ. ಪರಿಚಯವೇ ಇಲ್ಲದವರು ಈ ಪುಸ್ತಕಕ್ಕೆ ದುಡ್ಡು ಕೊಡುತ್ತಾರೆಯೇ, ಕೊಟ್ಟವರು ಎರಡನೇ ಸಲ ಬರುತ್ತಾರೆಯೇ? ಈ ವರ್ಷ ಕಂಡುಕೊಳ್ಳಬೇಕಾದದ್ದು ಇದನ್ನು. ಸ್ನೇಹಿತರು, ನೆಂಟರು ಕೊಂಡದ್ದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಅವರು ಕೊಳ್ಳುವುದು ನಿಮ್ಮ ಮೇಲಿನ ಪ್ರೀತಿಗೆ.

ಮಾರುವ ಮೊದಲು ರಟ್ಟು ಬಾಗುವುದನ್ನು ಸರಿಮಾಡಲೇಬೇಕು. ಇದಕ್ಕೆ ಕಾರಣ ಬಹುಪಾಲು ಕಾಗದದ ನಾರಿನ ದಿಕ್ಕು, ಬೈಂಡಿಂಗ್‌ನವರು ಗ್ರೇನ್ ಅನ್ನುವುದು. ಅಂಟಿನ ತೇವ ತಾಗಿದಾಗ ಕಾಗದ ನಾರಿಗೆ ಅಡ್ಡವಾಗಿ ಹಿಗ್ಗುತ್ತದೆ, ಒಣಗುವಾಗ ಕುಗ್ಗಿ ರಟ್ಟನ್ನು ಎಳೆಯುತ್ತದೆ. ರಟ್ಟು, ಹೊದಿಕೆ ಕಾಗದ, ಒಳಗೆ ಅಂಟಿಸುವ ಹಾಳೆ, ಒಳಪುಟಗಳು ಎಲ್ಲದರ ನಾರೂ ಪುಸ್ತಕದ ಬೆನ್ನಿಗೆ ಸಮಾನಾಂತರವಾಗಿ ಇರಬೇಕು. ಪರೀಕ್ಷೆ ಸುಲಭ: ಹಾಳೆಯನ್ನು ಮಡಚದೆ ಒಮ್ಮೆ ಉದ್ದಕ್ಕೆ, ಒಮ್ಮೆ ಅಗಲಕ್ಕೆ ಬಾಗಿಸಿ ಮೆಲ್ಲಗೆ ಅದುಮಿ. ಯಾವ ಕಡೆ ಸಲೀಸಾಗಿ ಬಾಗುತ್ತದೋ ಆ ಮಡಿಕೆಯ ಗುಂಟ ನಾರು ಓಡಿದೆ. ಇಲ್ಲಿ ಹೆಚ್ಚಿನವರು ಎಡವುವ ಜಾಗವೊಂದಿದೆ. ಅಂಗಡಿಯಲ್ಲಿ ಸಿಗುವ ಎ4 ಹಾಳೆಯಲ್ಲಿ ನಾರು ಸಾಮಾನ್ಯವಾಗಿ ಉದ್ದಕ್ಕೆ ಇರುತ್ತದೆ. ಅದನ್ನು ಎ5 ಆಗಿ ಮಡಚಿದಾಗ ನಾರು ಬೆನ್ನಿಗೆ ಅಡ್ಡ ಬೀಳುತ್ತದೆ, ಪುಸ್ತಕ ಸೆಟೆದುಕೊಂಡು ಮಟ್ಟಸವಾಗಿ ತೆರೆದುಕೊಳ್ಳುವುದಿಲ್ಲ. ದೊಡ್ಡ ಹಾಳೆ ತಂದು ನಾರಿನ ದಿಕ್ಕು ನೋಡಿ ಕತ್ತರಿಸಿಕೊಂಡರೆ ಈ ತೊಂದರೆ ಹೋಗುತ್ತದೆ. ಅಂಟು ತೆಳುವಾಗಿರಲಿ. ರಟ್ಟಿನ ಹೊರಗೂ ಒಳಗೂ ಕಾಗದ ಅಂಟಿಸಿ, ಆಗ ಎರಡು ಕಡೆಯ ಎಳೆತ ಸರಿದೂಗುತ್ತದೆ. ನೀರು ಹೀರುವ ಹಾಳೆ ನಡುವೆ ಇಟ್ಟು ಭಾರದ ಕೆಳಗೆ ಇಡೀ ರಾತ್ರಿ ಒಣಗಿಸಿ. ಪೂರ್ತಿ ಒಣಗುವ ಮುಂಚೆ ಪ್ಲಾಸ್ಟಿಕ್ ಕವರಿಗೆ ಹಾಕಿದರೆ ತೇವ ಒಳಗೇ ಉಳಿದು, ಗ್ರಾಹಕರ ಕೈಗೆ ತಲುಪುವಾಗ ರಟ್ಟು ಬಾಗಿರುತ್ತದೆ, ಬೂಷ್ಟು ಕಟ್ಟಿದರೂ ಕಟ್ಟೀತು. ಆರ್ಡರ್ ಬಂದ ಮಾರನೆಯ ದಿನವೇ ಕಳಿಸುತ್ತೇನೆಂದು ಮಾತು ಕೊಡಬೇಡಿ, 7 ದಿನ ಎಂದು ಬರೆಯಿರಿ.

ಶುರುವಿಗೆ ಮೂರು ವಿನ್ಯಾಸ, ಒಂದೊಂದರಲ್ಲಿ ನಾಲ್ಕು ಪುಸ್ತಕ, ಒಟ್ಟು 12 ಸಾಕು. ಸ್ವಂತ ವೆಬ್‌ಸೈಟ್ ಈಗ ಬೇಡ. ಜನ ಈಗಾಗಲೇ ಹುಡುಕಿಕೊಂಡು ಬರುವ ಯಾವುದಾದರೂ ಒಂದು ಮಾರಾಟ ತಾಣದಲ್ಲಿ ಹಾಕಿ. ಫೋಟೊವನ್ನು ಹಗಲಿನಲ್ಲಿ ಕಿಟಕಿಯ ಪಕ್ಕ, ಫ್ಲ್ಯಾಶ್ ಇಲ್ಲದೆ ತೆಗೆಯಿರಿ. ಬೆಳಕು ಬೀಳದ ಬದಿಗೆ ಬಿಳಿ ರಟ್ಟು ನಿಲ್ಲಿಸಿದರೆ ನೆರಳು ತಿಳಿಯಾಗುತ್ತದೆ. ಮುಖಪುಟ, ತೆರೆದಿಟ್ಟ ಪುಸ್ತಕ, ಬೆನ್ನಿನ ಹೊಲಿಗೆ ಹತ್ತಿರದಿಂದ, ಕೈಯಲ್ಲಿ ಹಿಡಿದದ್ದು, ಇಂಕ್ ಪೆನ್ನಿನಲ್ಲಿ ಬರೆದ ಹಾಳೆಯ ಹಿಂಬದಿ, ಈ ಐದು ಚಿತ್ರ ಬೇಕೇ ಬೇಕು. ಕೈಯಲ್ಲಿ ಹಿಡಿದ ಚಿತ್ರ ಇಲ್ಲದಿದ್ದರೆ ‘ಫೋಟೊದಲ್ಲಿ ದೊಡ್ಡದಾಗಿ ಕಂಡಿತ್ತು’ ಎಂದು ವಾಪಸ್ ಬರುತ್ತದೆ. 148 × 210 ಮಿಲಿಮೀಟರ್, 96 ಹಾಳೆ ಅಂದರೆ 192 ಪುಟ, ಕಾಗದ ಎಷ್ಟು ಜಿಎಸ್‌ಎಮ್ (ಒಂದು ಚದರ ಮೀಟರಿಗೆ ಎಷ್ಟು ಗ್ರಾಂ), ಗೆರೆ ಇದೆಯೋ ಇಲ್ಲವೋ, ಎಲ್ಲವನ್ನೂ ವಿವರಣೆಯ ಮೊದಲ ಸಾಲುಗಳಲ್ಲೇ ಬರೆಯಿರಿ.

ಕೊರಿಯರ್ ಖರ್ಚು ಹೊಸಬರ ಲಾಭವನ್ನು ಸದ್ದಿಲ್ಲದೆ ತಿನ್ನುತ್ತದೆ. 100 ಜಿಎಸ್‌ಎಮ್ ಕಾಗದದ ಒಂದು ಎ4 ಹಾಳೆ ಆರೂಕಾಲು ಗ್ರಾಂ. ಒಂದನ್ನು ಮಡಚಿದರೆ ಎರಡು ಎ5 ಹಾಳೆ, ಹಾಗಾಗಿ ನಿಮ್ಮ ಪುಸ್ತಕಕ್ಕೆ ಅಂಥ 48 ಹಾಳೆ, 300 ಗ್ರಾಂ. ರಟ್ಟು ಸೇರಿ ಸುಮಾರು 400 ಗ್ರಾಂ. ಆದರೆ ಕೊರಿಯರ್‌ನವರು ತಕ್ಕಡಿಯ ತೂಕವೊಂದನ್ನೇ ನೋಡುವುದಿಲ್ಲ. ಡಬ್ಬದ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ, ಅನೇಕರು 5,000ದಿಂದ ಭಾಗಿಸುತ್ತಾರೆ. ಬಂದ ಕಿಲೋ ಹೆಚ್ಚಿದ್ದರೆ ಅದಕ್ಕೇ ದುಡ್ಡು. 25 × 18 × 5ರ ಡಬ್ಬವಾದರೆ 0.45 ಕಿಲೋ. ಮನೆಯಲ್ಲಿ ಬಿದ್ದಿತ್ತೆಂದು 30 × 25 × 10ರ ಡಬ್ಬ ಬಳಸಿದರೆ ಅದೇ ಪುಸ್ತಕಕ್ಕೆ ಒಂದೂವರೆ ಕಿಲೋದ ದರ. ಪುಸ್ತಕ ಪೆಟ್ಟು ತಿನ್ನುವುದು ಮೂಲೆಗಳಲ್ಲಿ, ದಪ್ಪ ಕಾಗದ ಮಡಚಿ ನಾಲ್ಕೂ ಮೂಲೆಗೆ ಟೋಪಿ ಹಾಕಿ. ಪ್ಯಾಕ್ ಮಾಡಿದ ಡಬ್ಬವೊಂದನ್ನು ಸೊಂಟದೆತ್ತರದಿಂದ ಪ್ರತಿ ಮೂಲೆಯ ಮೇಲೂ ಬೀಳಿಸಿ, ಬಿಚ್ಚಿ ನೋಡಿ.

ಬೆಲೆಯನ್ನು ಕಟ್ಟುವುದು ಹೀಗೆ. ಮಾರುವ ಬೆಲೆ 100 ಅನ್ನಿ. ಕಾಗದ, ರಟ್ಟು, ದಾರ, ಅಂಟಿಗೆ 22, ಪ್ಯಾಕಿಂಗ್‌ಗೆ 6, ಕೊರಿಯರ್‌ಗೆ 15, ತಾಣದ ಕಮಿಷನ್ ಮತ್ತು ಪಾವತಿ ಶುಲ್ಕ 15, ಹಾಳಾಗುವ, ವಾಪಸ್ ಬರುವ ಮಾಲಿಗೆ 5. ಉಳಿಯುವುದು 37. ನಿಮ್ಮ ಒಂದೂವರೆ ಗಂಟೆಯ ಕೂಲಿ, ತೆರಿಗೆ, ಲಾಭ ಎಲ್ಲ ಅದರೊಳಗೇ. ನಿಮ್ಮ ಅಂಕಿ ಬೇರೆ ಇರುತ್ತದೆ, ಸಾಲುಗಳು ಇವೇ. ಈಗ ಶೇ 20 ರಿಯಾಯಿತಿ ಕೊಟ್ಟಿರಿ ಎನ್ನೋಣ. ಬೆಲೆ 80, ಕಮಿಷನ್ 12ಕ್ಕೆ ಇಳಿಯಿತು, ಉಳಿದದ್ದೇನೂ ಬದಲಾಗಲಿಲ್ಲ. ಕೈಗೆ 20. ಬೆಲೆಯಲ್ಲಿ ಐದನೇ ಒಂದು ಭಾಗ ಇಳಿಸಿದ್ದಕ್ಕೆ ಗಳಿಕೆಯ ಅರ್ಧದಷ್ಟು ಹೋಯಿತು. ಕೈಕೆಲಸದವರು ಮೊದಲ ವಾರದಲ್ಲೇ ರಿಯಾಯಿತಿ ಹಾಕುವುದನ್ನು ಕಂಡಾಗ ಸಂಕಟವಾಗುತ್ತದೆ. ವರ್ಷಕ್ಕೆ 120 ಪುಸ್ತಕ ಮಾತ್ರ ಮಾಡಬಲ್ಲವರು ಅಗ್ಗದ ದಾರಿ ಹಿಡಿಯಲೇಬಾರದು. 37ರಿಂದ ಗಂಟೆಗೆ ಎಷ್ಟು ಬೀಳುತ್ತದೆ ನೋಡಿ, ಸಾಲದಿದ್ದರೆ ಬೆಲೆ ಏರಿಸಿ. ವ್ಯಾಪಾರದ ಹಣಕ್ಕೆ ಮೊದಲ ದಿನದಿಂದಲೇ ಬೇರೆ ಬ್ಯಾಂಕ್ ಖಾತೆ ಇರಲಿ. ತಾಣದವರು ದುಡ್ಡು ಕೆಲವು ದಿನ ಬಿಟ್ಟು ಹಾಕುತ್ತಾರೆ, ಕಾಗದದ ಅಂಗಡಿಗೆ ಇಂದೇ ಕೊಡಬೇಕು. ಮುಂದಿನ ಎರಡು ಸುತ್ತಿನ ಸಾಮಗ್ರಿಗೆ ಆಗುವಷ್ಟು ಹಣ ಅದರಲ್ಲಿ ಯಾವಾಗಲೂ ಇರಬೇಕು.

ಯಂತ್ರ ಬೇಡ. ಮುಂದಿನ ಸುತ್ತಿನಲ್ಲಿ ಗಡಿಯಾರ ಇಟ್ಟುಕೊಂಡು ಮಡಚುವುದು, ತೂತು ಹಾಕುವುದು, ಹೊಲಿಯುವುದು, ಅಂಟಿಸುವುದು, ಅಂಚು ಕತ್ತರಿಸುವುದು, ಹೊದಿಕೆ ಹಾಕುವುದು, ಒಂದೊಂದಕ್ಕೂ ಎಷ್ಟು ನಿಮಿಷ ಹಿಡಿಯಿತೆಂದು ಬರೆದುಕೊಳ್ಳಿ. ತೊಂಬತ್ತು ನಿಮಿಷದಲ್ಲಿ ದೊಡ್ಡ ಪಾಲು ಹೊಲಿಗೆಗೇ ಹೋಗುವುದು, ಅಂಚು ಕತ್ತರಿಸಲು ಬೇಕಾಗುವುದು ಹತ್ತು ನಿಮಿಷವೋ ಏನೋ. ದುಬಾರಿ ಯಂತ್ರ ಉಳಿಸುವುದು ಆ ಹತ್ತರಲ್ಲಿ ಕೆಲವು ನಿಮಿಷ ಮಾತ್ರ. ಎರಡು ರಟ್ಟನ್ನು ವಿ ಆಕಾರದಲ್ಲಿ ಅಂಟಿಸಿ ತೊಟ್ಟಿಲಿನ ಹಾಗೆ ಮಾಡಿಕೊಂಡು, ತೂತಿನ ಗುರುತಿರುವ ಪಟ್ಟಿ ಒಳಗಿಟ್ಟು ದಬ್ಬಳದಿಂದ ಚುಚ್ಚಿದರೆ 16 ಪುಟದ ಪ್ರತಿ ಫಾರಮ್ಮಿನ (ಒಟ್ಟಿಗೆ ಮಡಚಿದ ಹಾಳೆಗಳ ಕಟ್ಟು) ತೂತೂ ಒಂದೇ ಸಾಲಿಗೆ ಬರುತ್ತದೆ, ಹೊಲಿಗೆ ಬೇಗ ಸಾಗುತ್ತದೆ. ಖರ್ಚು ಹೆಚ್ಚುಕಡಿಮೆ ಏನೂ ಇಲ್ಲ.

ಇನ್ನು ಆ 14 ಗುರಿ. ಮೂರು ಉಳಿಸಿಕೊಳ್ಳಿ. ಒಂದು, ಎರಡು ವಾರಕ್ಕೊಂದು ಸುತ್ತು ಪುಸ್ತಕ ಮುಗಿಸಿ ಮಾರಾಟಕ್ಕೆ ಹಾಕುವುದು. ಎರಡು, ತಿಂಗಳಿಗೊಮ್ಮೆ ಜಮಾ-ಖರ್ಚು ಬರೆದು ಒಂದೇ ಒಂದು ವಿಷಯ ಬದಲಿಸಿ ನೋಡುವುದು, ಫೋಟೊ ಅಥವಾ ಬೆಲೆ ಅಥವಾ ವಿನ್ಯಾಸ. ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಎಂದು ತಿಳಿಯುವುದಿಲ್ಲ. ಮೂರನೆಯದು ಆರೋಗ್ಯದ್ದಾಗಿರಲಿ, ತೂಕದ ಅಂಕಿಯ ಬದಲು ನಡಿಗೆಯೋ ನಿದ್ದೆಯೋ. 5 ಗಂಟೆಗೆ ಏಳುವುದು ಖಂಡಿತ ಬೇಡ, ರಾತ್ರಿ ಹೊಲಿಗೆ ಹಾಕುವವರು ನಿದ್ದೆ ಕಡಿದುಕೊಂಡರೆ ಕೈ ಮೊದಲು ತಪ್ಪುತ್ತದೆ. ಉಳಿದ ಹನ್ನೊಂದನ್ನು ‘ಈ ವರ್ಷಕ್ಕಲ್ಲ’ ಎಂಬ ಪುಟಕ್ಕೆ ಸಾಗಿಸಿ.

ಪ್ರತಿ ಗುರಿಗೂ ಯಾವಾಗ, ಎಲ್ಲಿ ಎಂಬುದನ್ನು ಅಂಟಿಸಿ. ಮನಶ್ಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಸರ್ ಅವರ ಸಂಶೋಧನೆ ಇದೇ ವಿಷಯದ್ದು. ‘ಇದಾದಾಗ ಇದನ್ನು ಮಾಡುತ್ತೇನೆ’ ಎಂಬ ರೂಪದಲ್ಲಿ ಬರೆದ ಸಂಕಲ್ಪ ಬರೀ ಆಸೆಗಿಂತ ಹೆಚ್ಚು ನಡೆಯುತ್ತದೆ. ‘ಮಂಗಳವಾರ ರಾತ್ರಿ ಊಟದ ಪಾತ್ರೆ ಎತ್ತಿಟ್ಟ ಕೂಡಲೇ ಕಾಗದ ಮಡಚಲು ಕೂರುತ್ತೇನೆ’ ಎಂದು ಬರೆಯಿರಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನು ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಭ್ಯಾಸ ಮೈಗೂಡಲು ಸರಾಸರಿ 66 ದಿನ ಹಿಡಿದಿತ್ತು. ಕೆಲವರಿಗೆ 18 ಸಾಕಾದರೆ, ಕೆಲವರಿಗೆ 254ರವರೆಗೂ ಬೇಕು ಎಂಬ ಅಂದಾಜು ಸಿಕ್ಕಿತು. ಒಂದು ದಿನ ತಪ್ಪಿದ್ದರಿಂದ ಹೆಚ್ಚಿನ ನಷ್ಟವೇನೂ ಆಗಿರಲಿಲ್ಲ. ಫೆಬ್ರುವರಿಯಲ್ಲಿ ನೀವು ಕೈಬಿಟ್ಟ ಪಟ್ಟಿಗೆ ಬೇರು ಬಿಡುವಷ್ಟು ದಿನಗಳೇ ಸಿಕ್ಕಿರಲಿಲ್ಲ.

ನಿಲ್ಲಿಸುವ ಗೆರೆಯನ್ನೂ ಈಗಲೇ ಎಳೆದಿಡಿ. ಸೆಪ್ಟೆಂಬರ್ 30ರ ಹೊತ್ತಿಗೆ, ಫೋಟೊ ಮತ್ತು ವಿನ್ಯಾಸ ಒಮ್ಮೆಯಾದರೂ ಬದಲಿಸಿದ ಮೇಲೂ, ಪರಿಚಯವಿಲ್ಲದ 20 ಜನ ಕೊಂಡಿಲ್ಲವಾದರೆ ಈ ಸರಕನ್ನು ಈ ಬೆಲೆಗೆ ಮಾರುವುದನ್ನು ನಿಲ್ಲಿಸಿ. ಪುಸ್ತಕ ಮಾಡುವ ಸಂತೋಷವನ್ನು ಅದಕ್ಕಾಗಿ ಬಿಡಬೇಕಿಲ್ಲ.

ಕೊನೆಗೆ, ನಿಮ್ಮ ಯಜಮಾನರ ಮಾತು. ಅದು ನೋಯಿಸುವ ಮಾತೇ, ನೋವಾಗಿದ್ದು ಸಹಜ. ಆದರೆ 14 ಗುರಿಯ ಪಟ್ಟಿ ಕಂಡಾಗ ಮನೆಯವರಿಗೆ ಕೆಲಸ ಬಿಡುವುದು, ಉಳಿತಾಯ ಕರಗುವುದು ಇವೇ ಮೊದಲು ಕಣ್ಣಿಗೆ ಬೀಳುತ್ತವೆ. ಭಯ ಎಷ್ಟೋ ಸಲ ಹೀಗೇ ಚುಚ್ಚು ಮಾತಾಗಿ ಬರುತ್ತದೆ. ‘ನನ್ನ ಮೇಲೆ ನಂಬಿಕೆ ಇಡಿ’ ಎಂದು ಕೇಳಬೇಡಿ, ಅದಕ್ಕೆ ಅವರು ಉತ್ತರ ಕೊಡುವುದು ಕಷ್ಟ. ಲೆಕ್ಕದ ಹಾಳೆಯನ್ನೇ ಮುಂದಿಡಿ. ‘ಈ ವರ್ಷ ಕೆಲಸ ಬಿಡುವುದಿಲ್ಲ, ಯಂತ್ರ ಕೊಳ್ಳುವುದಿಲ್ಲ, 12 ಪುಸ್ತಕದ ಸಾಮಗ್ರಿಗೆ ಇಷ್ಟು ಖರ್ಚು, ಸೆಪ್ಟೆಂಬರ್ 30ಕ್ಕೆ ಇಬ್ಬರೂ ಕೂತು ನೋಡೋಣ’ ಎಂದು ಹೇಳಿ. ಬದಲಿಗೆ ಸ್ಪಷ್ಟವಾಗಿ ಎರಡು ಕೇಳಿ: ಮಂಗಳವಾರ ಮತ್ತು ಶುಕ್ರವಾರ ರಾತ್ರಿ ಎರಡೆರಡು ಗಂಟೆ ಮನೆಯ ಜವಾಬ್ದಾರಿ ಅವರದು, ಮತ್ತು ಸೆಪ್ಟೆಂಬರ್‌ವರೆಗೆ ಕಳೆದ ವರ್ಷದ ಪ್ರಸ್ತಾಪ ಬೇಡ. ಎರಡನೆಯದನ್ನು ಕೇಳಲು ಸಂಕೋಚ ಪಡಬೇಡಿ, ಅದು ಮೊದಲನೆಯದರಷ್ಟೇ ಮುಖ್ಯ.