ಹಾಡು ನಿಮ್ಮದು, ಸಂಜೆಗೆ ದುಡ್ಡು ಕೇಳಿ

ನಮಸ್ಕಾರ.

ನಿಮ್ಮ ಮೂರು ಪುಟದ ಪತ್ರವನ್ನು ಎರಡು ಸಲ ಓದಿದೆ. ಹೆಸರು ಹಾಕಬೇಡಿ ಅಂದಿದ್ದೀರಿ, ಹಾಕುವುದಿಲ್ಲ. ಬೇರೆ ಓದುಗರಿಗೆ ವಿಷಯ ಗೊತ್ತಾಗಲಿ ಅಂತ ಚಿಕ್ಕದಾಗಿ ಹೇಳಿಬಿಡುತ್ತೇನೆ. ನೀವು ದೊಡ್ಡ ನಗರವೊಂದರಲ್ಲಿ ಹಗಲು ಆಫೀಸಿಗೆ ಹೋಗುತ್ತೀರಿ, ಸಂಜೆ ಗಿಟಾರ್ ಹಿಡಿದು ನೀವೇ ಬರೆದು ನೀವೇ ಟ್ಯೂನ್ ಹಾಕಿದ ಹಾಡುಗಳನ್ನು ಕೆಫೆಗಳಲ್ಲಿ ಹಾಡುತ್ತೀರಿ. ಹೀಗೆ ನಾಲ್ಕು ವರ್ಷ ಆಗಿದೆ. ಕಳೆದ ತಿಂಗಳು ಹನ್ನೊಂದು ಜನರ ಮುಂದೆ ಹಾಡಿದಿರಿ. ಅದರಲ್ಲಿ ನಾಲ್ವರು ನಿಮ್ಮ ಗೆಳೆಯರೇ, ಉಳಿದವರು ಮಾತಾಡುತ್ತಲೇ ಇದ್ದರು. ಕೊನೆಗೆ ಅಲ್ಲಿನ ಮಾಲೀಕರು 'ನಿಮಗೆ ಒಳ್ಳೆ ಪ್ರಚಾರ ಸಿಕ್ಕಿತಲ್ಲ' ಅಂತ ಕೈಕುಲುಕಿ ಕಳಿಸಿದರು. ಹಾಡು ಕೇಳುವ ಆ್ಯಪ್ ಸ್ಪಾಟಿಫೈಗೆ ಹಾಕಿದ ನಿಮ್ಮ ಹಾಡನ್ನು ಒಂದು ವರ್ಷದಲ್ಲಿ 812 ಸಲ ಕೇಳಿದ್ದಾರೆ, ಆದರೆ ಬಂದ ದುಡ್ಡು ಸೊನ್ನೆ. ಇದರ ಜೊತೆಗೆ ಮುಂದಿನ ತಿಂಗಳ ಒಂದು ಶನಿವಾರಕ್ಕೆ ಕರೆದಿರುವ ಆಯೋಜಕರು, ಕಾರ್ಯಕ್ರಮದ ವಿಡಿಯೊ ಮತ್ತು 'ಅದರಲ್ಲಿರುವ ಎಲ್ಲಾ ಹಕ್ಕುಗಳು' ಶಾಶ್ವತವಾಗಿ ತಮ್ಮವು ಎಂಬ ಹಾಳೆ ಕಳಿಸಿ ಸಹಿ ಕೇಳಿದ್ದಾರೆ. ಪತ್ರದ ಕೊನೆಯಲ್ಲಿ ನೀವು ಕೇಳಿರುವುದು ಇದು: 'ಹಾಡಿಗೆ ದುಡ್ಡು ಕೇಳಲು ನಾಚಿಕೆ ಆಗುತ್ತೆ. ಕೇಳದಿದ್ದರೆ ನಡೆಯಲ್ಲ. ಕೆಲಸ ಬಿಟ್ಟು ಪೂರ್ತಿ ಇಳಿದುಬಿಡಲಾ?'

ಮೊದಲು ಒಂದು ಮಾತು. ಆ ಹಾಳೆಗೆ ಸಹಿ ಹಾಕಬೇಡಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ನನಗೆ ಹಾಡಲು ಬರುವುದಿಲ್ಲ. ಆದರೆ ಪತ್ರಿಕೆ ಕೆಲಸಕ್ಕೆ ಸೇರುವ ಮುಂಚೆ ಐದಾರು ವರ್ಷ ಒಬ್ಬ ಗೆಳತಿಯ ಗಿಗ್‌ಗಳಿಗೆ, ಅಂದರೆ ಹಾಡಿನ ಕಾರ್ಯಕ್ರಮಗಳಿಗೆ, ಕೇಬಲ್ ಹೊತ್ತಿದ್ದೇನೆ, ಬಾಗಿಲಲ್ಲಿ ನಿಂತು ಟಿಕೆಟ್ ನೋಡಿದ್ದೇನೆ, ರಾತ್ರಿ ದುಡ್ಡಿಗಾಗಿ ಮಾಲೀಕರ ಕೋಣೆಯ ಮುಂದೆ ಕಾದಿದ್ದೇನೆ. ಅವಳೂ ನಿಮ್ಮ ಹಾಗೇ ನಾಚಿಕೊಳ್ಳುತ್ತಿದ್ದಳು. ಒಂದು ದಿನ ನಾವಿಬ್ಬರೂ ಕೂತು ಒಂದು ಗಿಗ್‌ನ ಗಂಟೆ ಲೆಕ್ಕ ಹಾಕಿದೆವು. ವೇದಿಕೆ ಮೇಲೆ 45 ನಿಮಿಷ. ಅದಕ್ಕಾಗಿ ಮಧ್ಯಾಹ್ನವೇ ಹೊಸ ತಂತಿ ಹಾಕಿ, ಅದು ಎಳೆದು ಸ್ಥಿರವಾಗುವವರೆಗೆ ಮತ್ತೆ ಮತ್ತೆ ಟ್ಯೂನ್ ಮಾಡಬೇಕು. ಮೂರೂವರೆಗೆ ಮನೆ ಬಿಟ್ಟು, ಗಿಟಾರ್ ಬೆನ್ನಿಗೆ, ಪೆಡಲ್ ಚೀಲ ಕೈಗೆ, ತುಂಬಿದ ಬಸ್ಸಿನಲ್ಲಿ ಯಾರ ಕಾಲಿಗೂ ತಾಗದ ಹಾಗೆ ಒಂದೂವರೆ ಗಂಟೆ ನಿಂತು ಹೋದರೆ, ಐದಕ್ಕೆ ಅಂದಿದ್ದ ಸೌಂಡ್‌ಚೆಕ್ (ಮೈಕ್, ಸ್ಪೀಕರ್ ಪರೀಕ್ಷೆ) ಆರಕ್ಕೆ ಶುರುವಾಗುತ್ತದೆ. ಆಮೇಲೆ ಎಂಟೂವರೆವರೆಗೆ ಕಾಯಬೇಕು. ಆ ಹೊತ್ತಿನಲ್ಲಿ ಬೇರೇನೂ ಮಾಡಲಾಗುವುದಿಲ್ಲ, ಜಾಸ್ತಿ ಮಾತಾಡಿದರೆ ಗಂಟಲು ಹೋಗುತ್ತದೆ. ಹಾಡು, ನಾಲ್ಕು ಜನರ ಜೊತೆ ಮಾತು, ಕೇಬಲ್ ಸುತ್ತುವುದು, ಮನೆಗೆ ವಾಪಸ್. ಹನ್ನೊಂದೂವರೆ. ಮನೆ ಬಿಟ್ಟಾಗಿನಿಂದಲೇ ಎಂಟು ಗಂಟೆ!

ಆ ಎಂಟು ಗಂಟೆಗೆ ದುಡ್ಡು ಕೇಳಿ. ನಿಮ್ಮ ಹಾಡಿಗೆ ಯಾರೂ ಬೆಲೆ ಕಟ್ಟಲು ಆಗಲ್ಲ, ನಿಮಗೂ ಆಗಲ್ಲ, ಅದಕ್ಕೇ ನಿಮಗೆ ನಾಚಿಕೆ. ಆದರೆ ಒಬ್ಬ ಮನುಷ್ಯ ತನ್ನ ಒಂದು ಸಂಜೆಯನ್ನು ಇನ್ನೊಬ್ಬರ ಜಾಗಕ್ಕೆ ತಂದು ಕೊಟ್ಟಾಗ ಅದಕ್ಕೊಂದು ಬೆಲೆ ಇದೆ. ಅದನ್ನು ಬಾಯಿಬಿಟ್ಟು ಹೇಳಲು ಸಂಕೋಚ ಯಾಕೆ? ನೀವು ಮಾರುತ್ತಿರುವುದು ಸಂಜೆಯನ್ನು. ಹಾಡನ್ನು ನೀವು ವಾಪಸ್ ಮನೆಗೆ ತೆಗೆದುಕೊಂಡು ಹೋಗುತ್ತೀರಿ.

ಈಗ ಆ ಹಾಳೆ ವಿಷಯ. ಒಂದು ಹಾಡು ರೆಕಾರ್ಡ್ ಆದಾಗ ಅಲ್ಲಿ ಎರಡು ಬೇರೆ ಬೇರೆ ಆಸ್ತಿ ಇರುತ್ತವೆ. ಒಂದು, ಸಾಹಿತ್ಯ ಮತ್ತು ಟ್ಯೂನ್. ಇನ್ನೊಂದು, ಆ ರೆಕಾರ್ಡಿಂಗ್. ಮೊದಲನೆಯದು ಬರೆದವರದು. ಕೃತಿಸ್ವಾಮ್ಯದ ಬಗೆಗಿನ 1886ರ ಬರ್ನ್ ಒಪ್ಪಂದವನ್ನು ಒಪ್ಪಿದ ದೇಶಗಳಲ್ಲಿ, ಅಂದರೆ ಪ್ರಪಂಚದ ಬಹುತೇಕ ದೇಶಗಳಲ್ಲಿ, ಈ ಹಕ್ಕು ಪಡೆಯಲು ನೋಂದಣಿ ಕೂಡ ಬೇಕಿಲ್ಲ, ಬರೆದ ಕ್ಷಣದಿಂದಲೇ ಅದು ನಿಮ್ಮದು. ಆದರೂ ತಾರೀಕು ಸಮೇತ ಫೋನಿನ ರೆಕಾರ್ಡಿಂಗ್, ಬರೆದ ನೋಟ್‌ಬುಕ್, ನಿಮಗೆ ನೀವೇ ಕಳಿಸಿಕೊಂಡ ಇಮೇಲ್ ಎಲ್ಲವನ್ನೂ ಜೋಪಾನವಾಗಿ ಇಡಿ. ಮುಂದೆ ಜಗಳ ಬಂದರೆ ಅವೇ ನಿಮ್ಮ ಸಾಕ್ಷಿ. ಇನ್ನು ಹಾಡುಗಾರರ ಒಪ್ಪಿಗೆ ಇಲ್ಲದೆ ಅವರ ಕಾರ್ಯಕ್ರಮವನ್ನು ರೆಕಾರ್ಡ್ ಮಾಡುವುದಕ್ಕೆ ತಡೆ ಇರಬೇಕು ಅಂತ 1961ರ ರೋಮ್ ಒಪ್ಪಂದವೂ ಹೇಳಿದೆ. ಆಯೋಜಕರು ನಿಮ್ಮ ಸಹಿ ಕೇಳುತ್ತಿರುವುದೇ ಆ ಒಪ್ಪಿಗೆ ಬೇಕೇ ಬೇಕು ಅಂತ. 'ಎಲ್ಲಾ ಹಕ್ಕುಗಳು' ಅಂತ ಬರೆದರೆ ಅದರೊಳಗೆ ನಿಮ್ಮ ಸಾಹಿತ್ಯ, ಟ್ಯೂನ್ ಕೂಡ ಸೇರಿಕೊಳ್ಳಬಹುದು. ಒಂದು ಸಂಜೆಯ ದುಡ್ಡಿಗೆ ನಾಲ್ಕು ವರ್ಷದ ಹಾಡುಗಳನ್ನು ಬರೆದುಕೊಟ್ಟ ಹಾಗೆ. ವಿಡಿಯೊ ಮಾಡಲಿ, ತಮ್ಮ ಜಾಗದ ಪ್ರಚಾರಕ್ಕೆ ಒಂದು ವರ್ಷ ತೋರಿಸಲಿ, ನಿಮಗೂ ಒಂದು ಪ್ರತಿ ಕೊಡಲಿ. ಅಷ್ಟು ಸಾಕು. ಆ ಮಾತನ್ನೇ ಬರೆದು ಕಳಿಸಿ.

ನಿಮಗೆ ಗೊತ್ತಿಲ್ಲದಿರಬಹುದಾದ ಇನ್ನೊಂದು ದಾರಿ ಇದೆ. ಹಾಡು ಬರೆಯುವವರಿಗೆ ಸಲ್ಲಬೇಕಾದ ದುಡ್ಡನ್ನು ವಸೂಲಿ ಮಾಡಿ ಹಂಚುವ ರಾಯಲ್ಟಿ ಸಂಘಗಳು ಬಹಳಷ್ಟು ದೇಶಗಳಲ್ಲಿವೆ, ಅವುಗಳ ಒಕ್ಕೂಟವಾದ ಸಿಸಾಕ್ ಹುಟ್ಟಿದ್ದೇ 1926ರಲ್ಲಿ. ಹಾಡು ಹಾಕುವ ಜಾಗಗಳು ಈ ಸಂಘಗಳಿಗೆ ಲೈಸೆನ್ಸ್ ದುಡ್ಡು ಕಟ್ಟುತ್ತವೆ. ಹಲವು ಸಂಘಗಳಲ್ಲಿ ನೀವು ಸದಸ್ಯರಾಗಿದ್ದರೆ, ನೀವೇ ನಿಮ್ಮ ಹಾಡನ್ನು ಸಣ್ಣ ಕೆಫೆಯಲ್ಲಿ ಹಾಡಿದರೂ, ಸೆಟ್‌ಲಿಸ್ಟ್ (ಹಾಡಿದ ಹಾಡುಗಳ ಪಟ್ಟಿ) ತುಂಬಿ ಕಳಿಸಿದರೆ ಬರೆದವರ ಪಾಲು ಬರುತ್ತದೆ. ನನ್ನ ಗೆಳತಿ ಮೂರು ವರ್ಷ ಸೆಟ್‌ಲಿಸ್ಟ್ ಕಳಿಸಲೇ ಇಲ್ಲ, ಹೇಳಿಕೊಡುವವರು ಇರಲಿಲ್ಲ. ಸೇರುವ ಮುಂಚೆ ಯಾವ ಹಕ್ಕನ್ನು ಅವರಿಗೆ ಒಪ್ಪಿಸುತ್ತಿದ್ದೀರಿ ಅಂತ ಪೂರ್ತಿ ಓದಿ. ಬೇರೆಯವರ ಹಾಡನ್ನು ಕವರ್ ಹಾಡಿದರೆ ಬರೆದವರ ಪಾಲು ಅವರಿಗೇ ಹೋಗುತ್ತದೆ, ಅದು ನ್ಯಾಯ ಕೂಡ. ಕವರ್ ಹಾಡಲೇಬೇಡಿ ಅಂತ ನಾನು ಹೇಳುವುದಿಲ್ಲ. ಎರಡು ಕವರ್ ನಡುವೆ ನಿಮ್ಮ ಹೊಸ ಹಾಡು ಇಟ್ಟರೆ ಜನ ಅದಕ್ಕೂ ಕಿವಿ ಕೊಡುತ್ತಾರೆ.

812ರ ಲೆಕ್ಕ ಸರಳ. 2024ರಿಂದ ಸ್ಪಾಟಿಫೈ ಒಂದು ನಿಯಮ ತಂದಿದೆ: ಹಿಂದಿನ 12 ತಿಂಗಳಲ್ಲಿ ಕನಿಷ್ಠ 1,000 ಸಲ ಕೇಳಿರದ ಹಾಡಿನ ರೆಕಾರ್ಡಿಂಗ್‌ಗೆ ದುಡ್ಡು ಇಲ್ಲ. ಅದಕ್ಕೇ ಸೊನ್ನೆ. ಸಾವಿರ ದಾಟಿದರೂ ಇಷ್ಟು ಕೇಳಿದರೆ ಇಷ್ಟು ಅಂತ ಗೊತ್ತಾದ ದರ ಇಲ್ಲ, ಎಲ್ಲರ ಹಾಡುಗಳ ಒಟ್ಟು ಲೆಕ್ಕದಲ್ಲಿ ನಿಮ್ಮದು ಎಷ್ಟು ಪಾಲು ಅನ್ನುವುದರ ಮೇಲೆ ಸಿಗುತ್ತದೆ. ಇದು ಸಣ್ಣವರಿಗೆ ಅನ್ಯಾಯ ಅಂತಲೇ ನನ್ನ ಅಭಿಪ್ರಾಯ. ಹಾಗಂತ ಹಾಡು ತೆಗೆದುಹಾಕಬೇಡಿ, ಹುಡುಕುವವರಿಗೆ ಸಿಗಲಿ. ಅದರಿಂದ ಮನೆ ಬಾಡಿಗೆ ಬರುತ್ತದೆ ಅಂತ ಮಾತ್ರ ನಂಬಬೇಡಿ.

ಜನ ಮಾತಾಡುತ್ತಲೇ ಇದ್ದರು ಅಂತ ಬರೆದ ಜಾಗದಲ್ಲಿ ನಿಮ್ಮ ಅಕ್ಷರವೇ ಬದಲಾಗಿದೆ, ಪೆನ್ನು ಒತ್ತಿ ಬರೆದಿದ್ದೀರಿ. ನಂಗೆ ಅರ್ಥವಾಗುತ್ತದೆ. 1911ರಲ್ಲಿ ಎಟಿಯೆನ್ ಲೊಂಬಾರ್ಡ್ ಎಂಬ ಫ್ರಾನ್ಸಿನ ಕಿವಿ-ಗಂಟಲಿನ ಡಾಕ್ಟರ್ ಒಂದು ವಿಷಯ ಬರೆದರು: ಸುತ್ತ ಗದ್ದಲ ಜಾಸ್ತಿಯಾದರೆ ಮನುಷ್ಯ ಗೊತ್ತಿಲ್ಲದೇ ದನಿ ಏರಿಸುತ್ತಾನೆ. ಇದಕ್ಕೆ ಅವರ ಹೆಸರೇ ನಿಂತಿದೆ. ಕೆಫೆಯಲ್ಲಿ ಆಗುವುದು ಇದೇ. ಜನ ಮಾತಾಡುತ್ತಾರೆ, ನೀವು ವಾಲ್ಯೂಮ್ ಏರಿಸುತ್ತೀರಿ, ಪಕ್ಕದವರ ಮಾತು ಕೇಳಿಸಲಿಲ್ಲ ಅಂತ ಅವರೂ ಏರಿಸುತ್ತಾರೆ, ಹತ್ತು ನಿಮಿಷದಲ್ಲಿ ನೀವು ಕಿರುಚುತ್ತಿರುತ್ತೀರಿ. ಅವರಿಗೆ ನಿಮ್ಮ ಮೇಲೆ ಸಿಟ್ಟೇನೂ ಇಲ್ಲ. ಇದನ್ನು ಮುರಿಯಬೇಕಾದವರು ನೀವೇ. ಗದ್ದಲ ಏರಿದಾಗ ಜೋರಾದ ಹಾಡು ಬಿಟ್ಟು ಮೆಲ್ಲನೆಯದನ್ನು ಹಿಡಿಯಿರಿ. ಗಿಟಾರ್ ನಿಲ್ಲಿಸಿ ಒಂದು ಸಾಲು ಬರೀ ದನಿಯಲ್ಲಿ ಹಾಡಿ. ನನ್ನ ಗೆಳತಿ ಇದನ್ನು ಮಾಡಿದಾಗಲೆಲ್ಲ ಮುಂದಿನ ಒಂದೆರಡು ಮೇಜಾದರೂ ಸುಮ್ಮನಾಗುತ್ತಿದ್ದವು, ನಾನು ಹಿಂದೆ ನಿಂತು ನೋಡಿದ್ದೇನೆ. ಪ್ರತಿ ಸಲವೂ ಆಗುವುದಿಲ್ಲ. ಕೆಲವು ಜಾಗಗಳಿರುವುದೇ ಮಾತಿಗೆ. ಅಂಥ ಕಡೆ ಹೊಸ ಹಾಡು ಹಾಡಬೇಡಿ, ನೋವಾಗುತ್ತದೆ.

ಕೇಳಲೆಂದೇ ಜನ ಬರುವ ಸಣ್ಣ ಕೂಟಗಳನ್ನು ಹುಡುಕಿ. ಸೋಫಾರ್ ಸೌಂಡ್ಸ್ ಎಂಬ ಕೂಟ 2009ರಲ್ಲಿ ಲಂಡನ್ನಿನ ಒಂದು ಮನೆಯಲ್ಲಿ ಶುರುವಾದದ್ದೇ, ಗಿಗ್‌ನಲ್ಲಿ ಜನ ಮಾತಾಡುವುದು, ಫೋನ್ ನೋಡುವುದು ಕಂಡು ಬೇಸತ್ತ ಕೆಲವರಿಂದ. ಅಂಥದ್ದು ನಿಮ್ಮ ಹತ್ತಿರ ಇಲ್ಲದಿದ್ದರೆ ಗೆಳೆಯರ ಮನೆಯ ಹಜಾರವೇ ಸಾಕು. ಇಪ್ಪತ್ತು ಜನ, ಮೈಕ್ ಬೇಡ, ಬಾಗಿಲ ಹತ್ತಿರ ಒಂದು ಡಬ್ಬಿ. ಇಂಥ ಕಡೆ ಕಡಿಮೆ ದುಡ್ಡಿಗೆ ಹಾಡಿ, ಬೇಕಿದ್ದರೆ ಬಿಟ್ಟಿಯಾಗಿಯೂ ಹಾಡಿ. ಯಾರು ಬೇಕಾದರೂ ಬಂದು ಹಾಡಬಹುದಾದ ಓಪನ್ ಮೈಕ್ ಕೂಡ ಬಿಟ್ಟಿಯೇ, ಹೊಸ ಹಾಡು ಪರೀಕ್ಷೆ ಮಾಡಲು ಅದಕ್ಕಿಂತ ಒಳ್ಳೆ ಜಾಗ ಇಲ್ಲ. ಆದರೆ ನಿಮ್ಮ ಹಾಡಿನ ಹೆಸರಲ್ಲಿ ಜನ ಬಂದು ಯಾರದೋ ಗಲ್ಲಾಪೆಟ್ಟಿಗೆ ತುಂಬುವ ಕಡೆ ಬಿಟ್ಟಿ ಬೇಡ. ಬಾಗಿಲ ದುಡ್ಡಲ್ಲಿ ಪಾಲು ಕೊಡುತ್ತೇವೆ ಅಂದರೆ ಎರಡು ಪ್ರಶ್ನೆ ಕೇಳಿ: ಖರ್ಚು ಕಳೆದ ಮೇಲಿನ ಪಾಲೋ, ಮುಂಚಿನದೋ? ಬಾಗಿಲಲ್ಲಿ ಎಣಿಸುವವರು ಯಾರು? ಟಿಕೆಟ್ ನೀವೇ ಮಾರಿಕೊಡಿ, ಉಳಿದರೆ ನೀವೇ ಕಟ್ಟಿ ಅನ್ನುವವರ ಹತ್ತಿರ ಹೋಗಲೇಬೇಡಿ.

ವೇದಿಕೆಯಲ್ಲಿ ಗಿಟಾರ್ ಕೂಗುತ್ತದೆ, ಅಂದರೆ ಸ್ಪೀಕರಿನ ಸದ್ದನ್ನೇ ಮತ್ತೆ ಹಿಡಿದು ಕಿರುಗುಟ್ಟುತ್ತದೆ, ಅಂತಲೂ ಬರೆದಿದ್ದೀರಿ. ಸಾಮಾನ್ಯ ಮೈಕ್ ಮುಂದಿನ ದನಿಯನ್ನು ಹಿಡಿದು ಹಿಂದಿನದನ್ನು ಬಿಡುತ್ತದೆ, ಹಾಗಾಗಿ ಮಾನಿಟರ್ (ನಿಮ್ಮ ಹಾಡು ನಿಮಗೇ ಕೇಳಿಸಲು ಇಡುವ ಸ್ಪೀಕರ್) ಮೈಕಿನ ಬೆನ್ನ ಕಡೆ ಇರಲಿ. ಮೈಕಿನ ಜಾಲರಿಯನ್ನು ಅಂಗೈಲಿ ಮುಚ್ಚಿ ಹಿಡಿದರೆ ಆ ಗುಣವೇ ಹೋಗಿ ಕೂಗು ಶುರುವಾಗುತ್ತದೆ. ಅಕೌಸ್ಟಿಕ್ ಗಿಟಾರ್ ಸಾಮಾನ್ಯವಾಗಿ 100 ಹರ್ಟ್ಸ್ ಆಸುಪಾಸಿನಲ್ಲಿ ಗುಂಯ್ ಅನ್ನುತ್ತದೆ, ಮಿಕ್ಸರ್‌ನಲ್ಲಿ ಅಲ್ಲಿ ಸ್ವಲ್ಪ ಇಳಿಸಲು ಹೇಳಿ, ಇಲ್ಲವೇ ಗಿಟಾರಿನ ಬಾಯಿಗೆ ರಬ್ಬರ್ ಮುಚ್ಚಳ ಹಾಕಿ. ಗಿಟಾರನ್ನು ಮಿಕ್ಸರ್‌ಗೆ ಜೋಡಿಸುವ ಡಿ.ಐ. ಬಾಕ್ಸ್ ಒಂದು ನಿಮ್ಮದೇ ಇರಲಿ.

ಕಿವಿ ಕಾಪಾಡಿಕೊಳ್ಳಿ, ದಯವಿಟ್ಟು. 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಮೀರಬಾರದು ಅನ್ನುತ್ತಾರೆ, ಪ್ರತಿ 3 ಡೆಸಿಬೆಲ್ ಏರಿದಾಗ ಆ ಹೊತ್ತು ಅರ್ಧವಾಗುತ್ತದೆ. ಹಾಗೆ ಲೆಕ್ಕ ಹಾಕಿದರೆ 100 ಡೆಸಿಬೆಲ್‌ನಲ್ಲಿ ಬರೀ 15 ನಿಮಿಷ. ಅದೇ ವೇದಿಕೆಯಲ್ಲಿ ಹಾಡುವ ಬ್ಯಾಂಡ್ ಅಷ್ಟು ಸದ್ದನ್ನು ಸುಲಭವಾಗಿ ಮಾಡುತ್ತದೆ. ಸಂಗೀತದವರಿಗೆಂದೇ ಮಾಡಿದ ಇಯರ್‌ಪ್ಲಗ್ ಜೇಬಲ್ಲಿರಲಿ. ಗೆಳತಿಯ ಬಲಗಿವಿಯಲ್ಲಿ ಈಗ ಯಾವಾಗಲೂ ಒಂದು ಸಣ್ಣ ಸಿಳ್ಳೆ ಇರುತ್ತದೆ, ಅದು ಹೋಗುವುದಿಲ್ಲ.

ಇನ್ನು ಕೆಲಸ ಬಿಡುವ ಪ್ರಶ್ನೆ. ಬಿಡಬೇಡಿ, ಈಗಲೇ ಬೇಡ. ಗಿಗ್ ಜಾಸ್ತಿ ಇದ್ದ ತಿಂಗಳನ್ನು ನೋಡಿ ನಿರ್ಧಾರ ಮಾಡಿದರೆ ಕೆಡುತ್ತೀರಿ. ಒಂದು ವರ್ಷ ಪುಸ್ತಕದಲ್ಲಿ ಬರೆದಿಡಿ: ಪ್ರತಿ ಗಿಗ್, ಬಂದದ್ದು, ಹೋದದ್ದು, ಕಳೆದ ಗಂಟೆ. ಆ ವರ್ಷದ ಅತಿ ಬಡ ತಿಂಗಳಲ್ಲಿ ಬಂದ ದುಡ್ಡು ಮನೆ ಬಾಡಿಗೆಗೆ ಸಾಕಾದರೆ ಆಗ ಯೋಚಿಸಿ. ಆಗಲೂ ಸಾಧ್ಯವಿದ್ದರೆ ಮೊದಲು ಅರ್ಧ ದಿನದ ಕೆಲಸಕ್ಕೆ ಬದಲಾಯಿಸಿಕೊಳ್ಳಿ. ಪೂರ್ತಿ ಬಿಟ್ಟವರು ಸಿಕ್ಕಿದ್ದನ್ನೆಲ್ಲ ಒಪ್ಪಿಕೊಂಡು ವಾರಕ್ಕೆ ಐದು ಸಂಜೆ ಬೇರೆಯವರ ಹಾಡು ಹಾಡಿ, ಸ್ವಂತ ಹಾಡು ಬರೆಯಲು ದಿನವೇ ಉಳಿಯದೆ ಹೋದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ನಿಮಗೆ ಸಂಬಳ ಬರುತ್ತಿರುವುದರಿಂದಲೇ ಆ ಹಾಳೆಗೆ ಇಲ್ಲ ಅನ್ನುವ ಧೈರ್ಯ ಇದೆ, ಅಲ್ವಾ? ಬೆಳಿಗ್ಗೆ ಆಫೀಸಿಗೆ ಮುಂಚೆ ಬರೆಯುತ್ತೀರಿ, ಪಕ್ಕದ ಮನೆಯವರು ಗೋಡೆ ತಟ್ಟುತ್ತಾರೆ ಅಂತ ಪಿಸುದನಿಯಲ್ಲಿ ಹಾಡಿಕೊಳ್ಳುತ್ತೀರಿ ಅಂದಿದ್ದೀರಿ. ಆ ಒಂದು ಗಂಟೆಯನ್ನು ಯಾರಿಗೂ ಕೊಡಬೇಡಿ. ಪಿಸುದನಿ ಮಾತ್ರ ಬೇಡ, ಅದರಿಂದ ಗಂಟಲಿಗೆ ಆಯಾಸ ಆಗಬಹುದು. ಬಾಯಿ ಮುಚ್ಚಿ ಗುನುಗಿ, ಇಲ್ಲವೇ ಸ್ಟ್ರಾ ಬಾಯಲ್ಲಿಟ್ಟು ಸ್ವರ ಹಿಡಿಯಿರಿ. ಸದ್ದೂ ಕಡಿಮೆ, ಗಂಟಲಿಗೂ ಹಿತ.

ಶನಿವಾರದ ಆಯೋಜಕರಿಗೆ ಇವತ್ತೇ ಬರೆಯಿರಿ. ಹೀಗೆ ಬರೆದರೆ ಸಾಕು:

'ನಮಸ್ಕಾರ. ನಿಮ್ಮಲ್ಲಿ ಹಾಡಲು ಖುಷಿ ಇದೆ. 45 ನಿಮಿಷ ನನ್ನ ಸ್ವಂತ ಹಾಡುಗಳನ್ನು ಹಾಡುತ್ತೇನೆ. ಸಂಭಾವನೆ ಇಷ್ಟು, ಅರ್ಧ ಮುಂಗಡ, ಉಳಿದದ್ದು ಅವತ್ತೇ ರಾತ್ರಿ. ಐದಕ್ಕೆ ಬರುತ್ತೇನೆ, ಒಂದು ಮೈಕ್, ಗಿಟಾರಿಗೆ ಒಂದು ಲೈನ್, ಒಂದು ಮಾನಿಟರ್ ಬೇಕು. ವಿಡಿಯೊ ಮಾಡಬಹುದು, ನಿಮ್ಮ ಪ್ರಚಾರಕ್ಕೆ ಒಂದು ವರ್ಷ ಬಳಸಬಹುದು, ನನಗೂ ಒಂದು ಪ್ರತಿ ಕೊಡಿ. ಹಾಡುಗಳ ಹಕ್ಕು ನನ್ನ ಹತ್ತಿರವೇ ಇರುತ್ತದೆ. ಕಳಿಸಿದ ಹಾಳೆಯಲ್ಲಿ ಇಷ್ಟು ತಿದ್ದಿ ಕೊಟ್ಟರೆ ಸಹಿ ಹಾಕುತ್ತೇನೆ.'

ಅವರು ಏನಂದರು ಅಂತ ನನಗೂ ಬರೆಯಿರಿ, ಕಾಯುತ್ತಿರುತ್ತೇನೆ.

ಸಂಪಾದಕಿ